ಬಿಗಿಯುವ ಮುಂಚೆ ಎಳೆದ ಗೆರೆ

ಬಿಗಿದಾಯಿತು ಎಂಬ ಗುರುತಿಗೆ ಆಲ್ವಿನ್ ಥ್ಯಾಕ್ರೇ ಹಳದಿ ಬಣ್ಣದ ಗೆರೆ ಎಳೆದಿದ್ದಾನೆ ಅಂದರೆ ಆ ನಟ್ಟನ್ನು ಮತ್ತೆ ಯಾರೂ ಮುಟ್ಟಿ ನೋಡುತ್ತಿರಲಿಲ್ಲ. ಲಿಂಕನ್‌ಶೈರಿನ ಸ್ಟೋಟ್ ಕಾರಿನವರ ಸಂಘದಲ್ಲಿ ಅದು ಇಪ್ಪತ್ತಾರು ವರ್ಷದ ರೂಢಿ. ಸ್ಟೋಟ್ ಅಂಗಡಿಯಿಂದ ಓಡಿಸಿಕೊಂಡು ಬರುವ ಕಾರಲ್ಲ. ಡಬ್ಬಗಳಲ್ಲಿ ಬಿಡಿಬಿಡಿಯಾಗಿ ಬರುತ್ತದೆ, ಶೆಡ್ಡಿನಲ್ಲಿ ಕೂತು ನಾವೇ ಜೋಡಿಸಿಕೊಳ್ಳಬೇಕು. ಎರಡೇ ಸೀಟು, ಬಾಗಿಲಿಲ್ಲ, ತಲೆಯ ಮೇಲೆ ಸೂರಿಲ್ಲ, ತೂಕ ಒಂದು ಕುದುರೆಯಷ್ಟು. ಅಷ್ಟು ಹಗುರವಾದ್ದರಿಂದಲೇ ಗಾಳಿಯ ಹಾಗೆ ಓಡುತ್ತದೆ, ಅಷ್ಟು ಹಗುರವಾದ್ದರಿಂದಲೇ ಒಂದೊಂದು ನಟ್ಟೂ ಲೆಕ್ಕಕ್ಕೆ ಬರುತ್ತದೆ.

ಆಲ್ವಿನ್ ನಲವತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವನು. ನಿವೃತ್ತನಾದ ಮೇಲೂ ಸಂಘದ ಮಾಸಪತ್ರಿಕೆಯಲ್ಲಿ ಒಂದು ಪುಟ ಅವನದೇ. ಕಾರ್ಬ್ಯುರೇಟರ್ ಕೆಮ್ಮಿದರೆ ಏನು ಮಾಡಬೇಕು, ಚಳಿಗಾಲದಲ್ಲಿ ನಿಲ್ಲಿಸಿಡುವ ಮುಂಚೆ ಏನೇನು ಸವರಬೇಕು, ಎಲ್ಲಿ ತೂಕ ಇಳಿಸಬಹುದು, ಎಲ್ಲಿ ಇಳಿಸಲೇಬಾರದು. ಅದರಲ್ಲಿ ಅವನು ಮತ್ತೆ ಮತ್ತೆ ಬರೆದ ಮಾತೊಂದಿತ್ತು. ಹಿಂದಿನ ಚಕ್ರವನ್ನು ಚೌಕಟ್ಟಿಗೆ ಹಿಡಿಯುವ ತೋಳುಗಳ ಕೀಲಿಗೆ ಹೊಸ ರಬ್ಬರ್ ಬುಶ್ ಹಾಕಿದಾಗ, ಕಾರು ಸ್ಟ್ಯಾಂಡಿನ ಮೇಲೆ ತೂಗುತ್ತಿರುವಾಗ ನಟ್ ಪೂರ್ತಿ ಬಿಗಿಯಬೇಡಿ. ಚಕ್ರ ನೆಲಕ್ಕಿಳಿಸಿ, ಸೀಟಿನಲ್ಲಿ ಓಡಿಸುವವರಷ್ಟೇ ಭಾರದ ಮರಳಿನ ಚೀಲ ಇಟ್ಟು, ಆಮೇಲೆ ಬಿಗಿಯಿರಿ. ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಉಳಿದು ಒಂದು ಬೇಸಿಗೆಯೊಳಗೆ ಹರಿಯುತ್ತದೆ. ಬಣ್ಣದ ಗೆರೆ ಎಲ್ಲಕ್ಕಿಂತ ಕೊನೆಗೆ, ನಟ್ಟಿನಿಂದ ಬೋಲ್ಟಿನ ಮೇಲೆ ಹಾಯುವಂತೆ; ಆಮೇಲೆ ನಟ್ ಕದಲಿದರೆ ಗೆರೆ ತುಂಡಾಗಿ ಕಾಣುತ್ತದೆ.

ಜೂನ್ ತಿಂಗಳ ಒಂದು ಭಾನುವಾರ ಹಳೆಯ ವಿಮಾನ ನಿಲ್ದಾಣದಲ್ಲಿ ಸಂಘದ ಓಟವಿತ್ತು. ಒಂದೊಂದೇ ಕಾರು ಬಿಟ್ಟು ಗಡಿಯಾರ ಹಿಡಿಯುವ ಓಟ. ಪೆಟ್ರಾ ಲವ್‌ಲಾಕ್ ಎಂಬಾಕೆಯ ಕಾರು ಮೂರನೆಯ ತಿರುವಿನಲ್ಲಿ ಇದ್ದಕ್ಕಿದ್ದಂತೆ ಬಾಲ ಬೀಸಿತು. ಎಡಗಡೆಯ ಹಿಂಚಕ್ರ ಓರೆಯಾಗಿ, ಕಾರು ಎರಡು ಸುತ್ತು ತಿರುಗಿ ಹುಲ್ಲಿನ ಪಿಂಡಿಗಳಿಗೆ ಹೋಗಿ ಗುದ್ದಿತು. ಅಲ್ಲಿ ಬಾವುಟ ಹಿಡಿದು ನಿಂತಿದ್ದ ನಾರಿಸ್ ಟಪ್‌ಹೋಮ್ ಪಕ್ಕಕ್ಕೆ ಹಾರಿಕೊಂಡ. ಪ್ರಾಣ ಉಳಿಯಿತು, ಕಣಕಾಲು ಮುರಿಯಿತು. ಪೆಟ್ರಾಳ ಬಲ ಮಣಿಕಟ್ಟೂ ಮುರಿದಿತ್ತು.

ತೋಳು ಹಿಡಿದಿದ್ದ ಬೋಲ್ಟು ನಡುವೆ ತುಂಡಾಗಿತ್ತು. ನಟ್ ಇದ್ದ ತುಂಡನ್ನು ಯಾರೋ ಹೆಕ್ಕಿ ತಂದು ಆಲ್ವಿನ್‌ನ ಕೈಗೇ ಕೊಟ್ಟರು. ಇನ್ಯಾರಿಗೆ ಕೊಡುತ್ತಾರೆ? ಹಳದಿ ಗೆರೆ ನಟ್ಟಿನಿಂದ ಬೋಲ್ಟಿನ ತುದಿಯವರೆಗೆ ಒಂದಿಷ್ಟೂ ಕದಲದೆ ನೆಟ್ಟಗಿತ್ತು. ಹಾಗಾದರೆ ನಟ್ ಸಡಿಲವಾಗಿಲ್ಲ, ಬೋಲ್ಟೇ ಕಳಪೆ ಎಂದು ಎಲ್ಲರಿಗೂ ಕಂಡಿತು. ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕೂತಿದ್ದ ಪೆಟ್ರಾಳೇ ಅದಕ್ಕೆ ಸಾಕ್ಷಿ ಹೇಳಿದಳು. ಬೋಲ್ಟುಗಳನ್ನು ಅವಳು ಇಂಟರ್ನೆಟ್ಟಿನಲ್ಲಿ ತರಿಸಿದ್ದಳಂತೆ, ಒಂಬತ್ತು ಪೌಂಡಿಗೆ ಎಂಟು.

"ಒಂಬತ್ತಕ್ಕೆ ಎಂಟಾ? ಬೋಲ್ಟು ಕೊಂಡ್ಯೋ ಬಿಸ್ಕತ್ತು ಕೊಂಡ್ಯೋ?" ಎಂದು ಹಿಂದಿನಿಂದ ಯಾರೋ ಅಂದರು. ಒಬ್ಬಿಬ್ಬರು ನಕ್ಕರು.

ಆಲ್ವಿನ್ ನಗಲಿಲ್ಲ. ಅವನ ಕಣ್ಣು ಬೋಲ್ಟಿನ ನಡುಭಾಗದ ಮೇಲಿತ್ತು. ಅದು ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಬಿಗಿಯಾಗಿ ಕೂತ ಬೋಲ್ಟು ಹಾಗೆ ಹೊಳೆಯುವುದಿಲ್ಲ. ಅಲುಗಾಡುತ್ತಾ ಇದ್ದದ್ದು, ವಾರಗಟ್ಟಲೆ ಅತ್ತಿತ್ತ ಉಜ್ಜಿಕೊಂಡದ್ದು ಮಾತ್ರ ಹೊಳೆಯುತ್ತದೆ, ಕೊನೆಗೊಂದು ದಿನ ದಣಿದು ಮುರಿಯುತ್ತದೆ. ಟ್ರ್ಯಾಕ್ಟರಿನಲ್ಲಿ ಅಂಥವನ್ನು ಅವನು ನೂರು ನೋಡಿದ್ದ. ಒಳಗೆ ನೈಲಾನ್ ಬಳೆಯಿರುವ ಇಂಥ ನಟ್ಟು ಬಿಗಿಯದಿದ್ದರೂ ತಾನಾಗಿ ತಿರುಗುವುದಿಲ್ಲ, ಗೆರೆ ಹಾಗೇ ಉಳಿಯುತ್ತದೆ.

ಆಗ ಅವನಿಗೆ ಏಪ್ರಿಲ್ ತಿಂಗಳ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಪೆಟ್ರಾಳ ಗ್ಯಾರೇಜಿನಲ್ಲಿ ಅವಳ ಕಾರಿಗೆ ಬುಶ್ ಹಾಕಿಕೊಟ್ಟವನು ಅವನೇ. ಮಂಡಿ ನೋವು. ಸ್ಟೋಟ್ ನೆಲಕ್ಕಿಳಿದರೆ ಕೆಳಗೆ ನಾಲ್ಕು ಬೆರಳು ಜಾಗ, ಹೊಟ್ಟೆಯ ಮೇಲೆ ಮಲಗಬೇಕು. ಬಿಗಿಯಲೊಮ್ಮೆ, ಗೆರೆಗೊಮ್ಮೆ ಎಂದು ಎರಡೆರಡು ಸಲ ಯಾಕೆ ಮಲಗಲಿ ಎಂದುಕೊಂಡು, ಕಾರು ಇನ್ನೂ ಸ್ಟ್ಯಾಂಡಿನ ಮೇಲಿದ್ದಾಗಲೇ, ಸುಮ್ಮನೆ ಕೂರಿಸಿದ ನಟ್ಟುಗಳಿಗೆ ಎರಡೂ ಕಡೆ ಗೆರೆ ಎಳೆದುಬಿಟ್ಟಿದ್ದ. ಆಮೇಲೆ ಇಳಿಸಿದ, ಚೀಲ ಇಟ್ಟ, ಬಲಗಡೆ ಬಿಗಿದ, ಬಿಗಿದಾಗ ಗೆರೆ ಕದಲಿದ್ದರಿಂದ ಅಲ್ಲಿ ಅದನ್ನು ಒರೆಸಿ ಹೊಸದಾಗಿ ಎಳೆದ. ಅಷ್ಟರಲ್ಲಿ ಪೆಟ್ರಾ ಟೀ, ಪ್ಲಮ್ ಬ್ರೆಡ್ಡು ತಂದಳು. ಅವಳು ಬೇಕರಿಯ ವ್ಯಾನ್ ಓಡಿಸುವವಳು, ಬ್ರೆಡ್ಡು ಯಾವಾಗಲೂ ಬಿಸಿಯಾಗಿರುತ್ತಿತ್ತು. ಅದೂ ಇದೂ ಮಾತಾಯಿತು. ಟೀ ಮುಗಿಸಿ ಬಂದವನು ಎಡಗಡೆ ಬಗ್ಗಿ ನೋಡಿದ. ಗೆರೆ ಕಂಡಿತು. ಚೀಲ ತೆಗೆದು ಮನೆಗೆ ಹೋದ.

ತನ್ನ ಗೆರೆಯನ್ನು ತಾನೇ ನಂಬಿದ್ದ.

"ಆಲ್ವಿನ್, ನೀನು ಬಿಗಿ ಮಾಡಿದ್ದೆ ತಾನೇ?" ಎಂದು ಸಂಘದ ಕಾರ್ಯದರ್ಶಿ ವಿಲ್ಫ್ ಎಪ್ಟನ್ ಕೇಳಿದ. ಅನುಮಾನದಿಂದ ಕೇಳಿದ್ದಲ್ಲ. ಕೇಳಬೇಕಾದ್ದನ್ನು ಕೇಳಿ ಮುಗಿಸುವುದಕ್ಕೆ ಕೇಳಿದ್ದು.

"ಗೆರೆ ಎಳೆದಿದ್ದೀನಲ್ಲ," ಎಂದ ಆಲ್ವಿನ್.

ಸುಳ್ಳು ಹೇಳಲಿಲ್ಲ. ಅದೇ ಹೆಚ್ಚು ಸುಡುತ್ತಿತ್ತು. ಸುಳ್ಳನ್ನಾದರೂ ಹೇಳಿದ್ದರೆ ತಾನು ಸುಳ್ಳುಗಾರ ಎಂದು ಒಪ್ಪಿಕೊಳ್ಳಬಹುದಿತ್ತು. ಇದು ಅಷ್ಟು ಧೈರ್ಯವೂ ಇಲ್ಲದ ಮಾತು. ಬೋಲ್ಟಿನ ತುಂಡನ್ನು, ನೋಡಿ ಹೇಳುತ್ತೇನೆ ಎಂದು ಜೇಬಿಗೆ ಹಾಕಿಕೊಂಡ.

ಎರಡು ವಾರ ಕಳೆಯಿತು. ಸಮಿತಿಯವರು ಪೆಟ್ರಾಳನ್ನು ಒಂದು ವರ್ಷ ಓಟಕ್ಕೆ ಬಿಡಬಾರದು ಎಂದು ತೀರ್ಮಾನಿಸಿದರು. ಅವಳು ಎದುರಾಡಲಿಲ್ಲ. ನಾಲ್ಕು ವರ್ಷ ಬಾಡಿಗೆ ಗ್ಯಾರೇಜಿನಲ್ಲಿ ಕೂತು ಕಟ್ಟಿದ ಕಾರನ್ನು ಮಾರಾಟಕ್ಕಿಟ್ಟಿದ್ದಾಳೆ ಎಂಬ ಸುದ್ದಿ ಬಂತು. ವಿಲ್ಫ್ ಫೋನ್ ಮಾಡಿ, ಮುಂದಿನ ಸಂಚಿಕೆಗೆ ಅಗ್ಗದ ಬೋಲ್ಟಿನ ಬಗ್ಗೆ ಬರೆದುಕೊಡು, ಹೆಸರು ಹಾಕೋದು ಬೇಡ, ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತೆ, ನಿನ್ನ ಮಾತಾದರೆ ಜನ ಕೇಳ್ತಾರೆ ಎಂದ. ಆಲ್ವಿನ್ ಹೂಂ ಅಂದ.

ಅವಳು ಕೊಟ್ಟ ಎಂಟು ಬೋಲ್ಟಿನಲ್ಲಿ ಒಂದೆರಡು ಅವನ ಸಾಮಾನಿನ ಪೆಟ್ಟಿಗೆಯಲ್ಲೇ ಉಳಿದು ಶೆಡ್ಡಿಗೆ ಬಂದಿದ್ದವು. ಬರೆಯುವ ಮುಂಚೆ ಒಂದನ್ನು ದಪ್ಪ ಕೊಳವೆಯ ತುಂಡಿಗೆ ತೂರಿಸಿ ಬೆಂಚ್ ವೈಸಿಗೆ ಕಚ್ಚಿಸಿದ. ಆ ಬೋಲ್ಟಿಗೆ ಎಂಬತ್ತರ ಬಿಗಿ ಬೇಕು. ಇಟ್ಟಷ್ಟು ಬಿಗಿ ತಲುಪಿದ ಕೂಡಲೆ ಟಕ್ ಎನ್ನುವ ಟಾರ್ಕ್ ರೆಂಚನ್ನು ಎಂಬತ್ತಕ್ಕಿಟ್ಟು ಎಳೆದ, ಟಕ್ ಅಂತು. ನೂರಕ್ಕಿಟ್ಟು ಎಳೆದ, ಟಕ್. ನೂರಿಪ್ಪತ್ತು. ಕಾಲು ಊರಿ, ಹಲ್ಲು ಕಚ್ಚಿ ಎಳೆದ. ಮುರಿಯಲಿಲ್ಲ, ಹಿಗ್ಗಲೂ ಇಲ್ಲ. ಒಂಬತ್ತು ಪೌಂಡಿಗೆ ಎಂಟು ಸಿಕ್ಕಿದರೂ ಮಾಲು ಚಿನ್ನದಂಥದ್ದು.

ಹೆಂಡತಿ ಈನಿಡ್ ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದವಳು ಶೆಡ್ಡಿನ ಬಾಗಿಲಲ್ಲಿ ನಿಂತಳು. "ಏನದು, ಅಷ್ಟೊಂದು ಏದುಸಿರು?"

"ಬೋಲ್ಟು ಮುರಿಯುತ್ತಾ ಅಂತ ನೋಡ್ತಿದ್ದೆ. ಮುರಿಯಲಿಲ್ಲ."

"ಒಳ್ಳೇದಾಯ್ತಲ್ಲ. ಮತ್ತೆ ಮುಖ ಯಾಕೆ ಹಾಗಿದೆ?"

ಅವನು ರೆಂಚು ಕೆಳಗಿಟ್ಟ. ತಾನು ಅದು ಮುರಿಯಲಿ ಎಂದು ಬೇಡಿಕೊಂಡು ಎಳೆಯುತ್ತಿದ್ದೆ ಎಂಬುದು ಆಗ ಗೊತ್ತಾಗಿತ್ತು. ಮರೆತದ್ದು ಒಂದು ಮಾತು, ಯಾರೂ ಮರೆಯಬಹುದು. ಆದರೆ ಮಗಳ ವಯಸ್ಸಿನ ಹೆಂಗಸೊಬ್ಬಳ ತಲೆಗೆ ತಪ್ಪು ಕಟ್ಟಲು ಹಗಲುಹೊತ್ತಿನಲ್ಲಿ ಬೆವರು ಸುರಿಸಿ ಸಾಕ್ಷಿ ಹುಡುಕುತ್ತಿದ್ದದ್ದು ಮರೆವಲ್ಲ. ಕಿವಿಯವರೆಗೂ ಮುಖ ಬಿಸಿಯಾಯಿತು. ಅಲ್ಲೇ ನಿಂತು ಈನಿಡ್‌ಗೆ ಎಲ್ಲ ಹೇಳಿದ. ಅವಳು ಬಟ್ಟೆಯ ಬುಟ್ಟಿ ಕೆಳಗಿಟ್ಟು ಕೇಳಿಸಿಕೊಂಡಳು, ಕೊನೆಗೆ ಕೋಟು ತಂದುಕೊಟ್ಟಳು ಅಷ್ಟೆ.

ಅವನು ಗ್ಯಾರೇಜಿಗೆ ಹೋದಾಗ ಪೆಟ್ರಾ ಎಡಗೈಯಲ್ಲಿ ಕಾರು ಒರೆಸುತ್ತಿದ್ದಳು. ಬಲಗೈ ಬ್ಯಾಂಡೇಜಿನಲ್ಲಿತ್ತು. ಮೂರು ಗಂಟೆಗೆ ಕೊಳ್ಳುವವನು ಬರುತ್ತಾನೆ, ಮುರಿದದ್ದನ್ನು ಮುರಿದ ಹಾಗೇ ಒಯ್ಯುತ್ತಾನಂತೆ ಎಂದಳು. ಅವನನ್ನು ನೋಡಿ ಅವಳಿಗೇ ಸಂಕೋಚವಾಯಿತು. ನಿಮ್ಮ ಕೆಲಸಕ್ಕೂ ಮಸಿ ಬಳಿದೆ ಆಲ್ವಿನ್, ಕ್ಷಮಿಸಿ ಅಂದಳು.

ಅದಾದ ಮೇಲೆ ಮಾತನ್ನು ಸುತ್ತಿ ಬಳಸಿ ಹೇಳಲು ಅವನಿಂದಾಗಲಿಲ್ಲ.

"ಬೋಲ್ಟು ಚೆನ್ನಾಗಿತ್ತು ಕಣಮ್ಮ. ನಾನು ಬಿಗಿಯೋದು ಮರೆತೆ. ಬಿಗಿಯೋ ಮುಂಚೆನೇ ಗೆರೆ ಎಳೆದಿದ್ದೆ."

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ಒಂದೇ ಕಡೆ ಒರೆಸುತ್ತಾ ಇದ್ದಳು.

"ಯಾವಾಗ ಗೊತ್ತಾಯ್ತು?"

"ಅವತ್ತೇ. ಅಲ್ಲೇ."

"ಅವತ್ತೇ," ಎಂದಳು. ಬಟ್ಟೆ ಬಾನೆಟ್ಟಿನ ಮೇಲಿಟ್ಟಳು. "ನಾನು ನಾರಿಸ್ ಮನೆಗೆ ನಾಲ್ಕು ಸಲ ಹೋಗಿದ್ದೀನಿ. ಪೈ ಮಾಡ್ಕೊಂಡು, ಒಂದೇ ಕೈಲಿ. ಅವರ ಹೆಂಡತಿ ಬಾಗಿಲಲ್ಲೇ ಇಸ್ಕೊಂಡು ಥ್ಯಾಂಕ್ಸ್ ಅಂತಾಳೆ, ಒಳಗೆ ಕರೆಯಲ್ಲ. ಒಳಗೆ ಕರೆಸಿಕೊಳ್ಳೋ ಮುಖ ನಂದಲ್ಲ ಅಂತ ನಾನೂ ಸುಮ್ನೆ ಬರ್ತೀನಿ. ನೀವು ಅವತ್ತೇ ತಿಳ್ಕೊಂಡಿದ್ರಿ."

"ಪತ್ರಿಕೆಯಲ್ಲಿ ಬರೀತೀನಿ."

"ಬರೆಯೋದಲ್ಲ. ಬರೆದ್ರೆ ಚೆನ್ನಾಗಿ ಬರೀತೀರಿ, ಓದಿದವರೆಲ್ಲ ಎಂಥಾ ದೊಡ್ಡ ಮನುಷ್ಯ ಅಂತಾರೆ. ಮೊದಲು ನಾರಿಸ್ ಮನೆಗೆ ಹೋಗಿ. ಆಮೇಲೆ ಭಾನುವಾರ ಎಲ್ಲರೂ ಸೇರಿದಾಗ ಎದ್ದು ನಿಂತು ಬಾಯಲ್ಲಿ ಹೇಳಿ."

ಆಯಿತು ಎಂದು, ಕಾರು ತಾನೇ ಸರಿಮಾಡಿಕೊಡುತ್ತೇನೆ, ಬೇಕಾದ ಸಾಮಾನೆಲ್ಲ ತನ್ನದೇ ಎಂದ.

"ನನ್ನ ಗಾಡಿ ಮುಟ್ಟಬೇಡಿ," ಎಂದಳು ಪೆಟ್ರಾ. ಕೂಗಲಿಲ್ಲ. ಅವನು ಗೇಟು ದಾಟುವಾಗ ಅವಳು ಒಳಗೆ ಫೋನ್ ಹಿಡಿದು, ಬರಬೇಡಿ, ಕಾರು ಮಾರೋದಿಲ್ಲ ಎಂದು ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು.

ನಾರಿಸ್ ಮನೆಯಲ್ಲಿ ಅವನನ್ನು ಒಳಗೆ ಕರೆದರು. ಅದು ಇನ್ನೂ ಕಷ್ಟವಾಯಿತು. ನಾರಿಸ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಎಲ್ಲ ಕೇಳಿ, ಆಗುತ್ತೆ ಬಿಡು ಎಂದ. ಅವನ ಹೆಂಡತಿ ಮಾತ್ರ ಟೀ ಬಟ್ಟಲು ಇಡುತ್ತಾ, ಆ ಹುಡುಗಿಯನ್ನು ನಾಲ್ಕು ಸಲ ಹೊಸ್ತಿಲಲ್ಲೇ ನಿಲ್ಲಿಸಿದೆನಲ್ಲ ಎಂದಳು. ಆಮೇಲೆ ಅವನ ಕಡೆ ನೋಡಲಿಲ್ಲ.

ಭಾನುವಾರ ಬೆಳಗ್ಗೆ ಸಂಘದವರು ಎಂದಿನಂತೆ ಪಬ್ಬಿನ ಹಿಂದಿನ ಕೋಣೆಯಲ್ಲಿ ಸೇರಿದ್ದರು. ಹೊರಗೆ ಅಂಗಳದಲ್ಲಿ ಹನ್ನೊಂದು ಸ್ಟೋಟ್ ನಿಂತಿದ್ದವು. ಪೆಟ್ರಾ ಬಾಗಿಲ ಬಳಿ ಕೂತಿದ್ದಳು. ಆಲ್ವಿನ್ ಎದ್ದು ನಿಂತು ಹೇಳಿದ. ಏನು ಮರೆತೆ, ಯಾಕೆ ಮರೆತೆ, ವಿಲ್ಫ್ ಕೇಳಿದಾಗ ಏನಂದೆ, ಆ ಮಾತಿನ ಹಿಂದೆ ಏನು ಬಚ್ಚಿಟ್ಟೆ, ಎಲ್ಲ. ಮಂಡಿನೋವಿನ ವಿಷಯ ಬಂದಾಗ ಅದು ನೆಪದ ಹಾಗೆ ಕೇಳಿಸಿತು, ಅದನ್ನು ಅಲ್ಲೇ ಬಿಟ್ಟ.

ಯಾರೂ ಬೈಯಲಿಲ್ಲ. ಅವರು ಬೈಯುವ ಜನರೇ ಅಲ್ಲ. ಯಾರಿಗಾದರೂ ಆಗೋದೇ ಎಂದು ಒಬ್ಬರು, ಹೇಳಿದ್ದು ಒಳ್ಳೇದಾಯ್ತು ಎಂದು ಇನ್ನೊಬ್ಬರು. ವಿಲ್ಫ್ ಎದ್ದು, ಪೆಟ್ರಾಳ ಮೇಲಿನ ನಿಷೇಧ ಈ ಗಳಿಗೆಯಿಂದ ಇಲ್ಲ, ಸಮಿತಿಯ ಪರವಾಗಿ ಅವಳ ಕ್ಷಮೆ ಕೇಳುತ್ತೇನೆ ಎಂದ. ಅವಳು ತಲೆಯಾಡಿಸಿದಳು. ಒಂದಿಷ್ಟು ಹೊತ್ತು ಮಳೆ ಬರುತ್ತದೋ ಇಲ್ಲವೋ ಎಂಬ ಮಾತು ನಡೆಯಿತು.

ಆಮೇಲೆ ಒಬ್ಬ ಎದ್ದು ಹೊರಗೆ ಹೋದ. ಸ್ವಲ್ಪ ತಡೆದು ಇನ್ನೊಬ್ಬ. ಅರ್ಧ ಕುಡಿದ ಲೋಟಗಳನ್ನು ಬಿಟ್ಟು, ಕೋಣೆ ಖಾಲಿಯಾಗುತ್ತಾ ಬಂತು. ಆಲ್ವಿನ್ ಕಿಟಕಿಯಿಂದ ನೋಡಿದ. ಭಾನುವಾರದ ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದ ಗಂಡಸರೂ ಹೆಂಗಸರೂ ಜಲ್ಲಿಯ ಮೇಲೆ ಬೋರಲು ಮಲಗಿ, ಕಾರಿನಡಿಗೆ ಟಾರ್ಕ್ ರೆಂಚು ತೂರಿಸಿ, ಅವನು ಇಪ್ಪತ್ತಾರು ವರ್ಷದಿಂದ ಗೆರೆ ಎಳೆದ ನಟ್ಟುಗಳನ್ನು ಒಂದೊಂದಾಗಿ ಬಿಗಿದು ನೋಡುತ್ತಿದ್ದರು. ಟಕ್, ಟಕ್ ಎಂದು ಕೇಳುತ್ತಿತ್ತು. ಸಡಿಲ ಯಾವುದೂ ಸಿಗಲಿಲ್ಲ. ಅದರಿಂದ ಅವನಿಗೇನೂ ಸಮಾಧಾನವಾಗಲಿಲ್ಲ.

ಒಳಗೇ ಅಡಗಿ ಕೂರುವುದು ಇನ್ನೂ ಹೇಡಿತನ ಎನಿಸಿ ಅವನೂ ಹೊರಗೆ ಬಂದು ಗೋಡೆಯ ಪಕ್ಕ ನಿಂತ. ವಿಲ್ಫ್ ತನ್ನ ಕಾರಿನ ಪಕ್ಕ ಮಲಗಿದ್ದಲ್ಲಿಂದಲೇ, ಅಭ್ಯಾಸ ಬಲದಿಂದ, ಕೂಗಿ ಕೇಳಿದ:

"ಆಲ್ವಿನ್, ಮುಂಚಕ್ರದ ಮೇಲ್ತೋಳಿಗೆ ರೆಂಚು ಎಷ್ಟಕ್ಕೆ ಇಡ್ಬೇಕೋ?"

ನಲವತ್ತೈದು ಎಂಬುದು ನಾಲಿಗೆಯ ತುದಿಗೆ ಬಂದಿತ್ತು.

"ಪುಸ್ತಕ ನೋಡ್ಕೋ ಮಾರಾಯ," ಎಂದ.

ವಿಲ್ಫ್ ಎದ್ದು ನಿಂತ. ಆಲ್ವಿನ್‌ನ ಮುಖ ನೋಡಿ ಅಂಗಿ ಕೊಡವಿಕೊಂಡ. ಸೀಟಿನ ಹಿಂದಿನಿಂದ ಕೈಪಿಡಿ ತೆಗೆದು, ಕನ್ನಡಕ ಏರಿಸಿಕೊಂಡು, ಪುಟ ಹುಡುಕಲು ಶುರುಮಾಡಿದ.