ಐದನೇ ಟ್ರ್ಯಾಕಿನಲ್ಲಿ ಉಳಿದದ್ದು

ನನ್ನನ್ನು ಸೋಲಿಸುವ ಯಂತ್ರ ಇನ್ನೂ ಹುಟ್ಟಿಲ್ಲ. ನಾನು ಬೆಸುಗೆ ಕಡ್ಡಿ ಕೈಗೆತ್ತಿಕೊಂಡೆನೆಂದರೆ ಸತ್ತ ರೇಡಿಯೋ ಎದ್ದು ಕೂತು, ಇಷ್ಟು ದಿನ ಸತ್ತಿದ್ದಕ್ಕೆ ಕ್ಷಮೆ ಕೇಳುತ್ತದೆ. ಒಮ್ಮೆ ಕೆರೆಗೆ ಬಿದ್ದ ಆಂಪ್ಲಿಫೈಯರನ್ನು ಸರಿ ಮಾಡಿಕೊಟ್ಟೆ. ಅದರ ಹೊಟ್ಟೆಯಿಂದ ಹೊರಬಂದ ಮೀನು ಕೂಡ ಶ್ರುತಿ ಬಿಡದೆ ಒದ್ದಾಡುತ್ತಿತ್ತು. ನಂಬದಿದ್ದರೆ ಬಿಡಿ, ಮೀನಿಗೇನೂ ಬೇಸರವಿಲ್ಲ. ನನ್ನ ಅಕ್ಕ ಮಾತ್ರ ಇಂಥವನ್ನೆಲ್ಲ ಕೇಳಿ ಕೇಳಿ ನನಗೆ 'ಬಡಾಯಿ' ಎಂದೇ ಹೆಸರಿಟ್ಟಿದ್ದಾಳೆ.

ಅಕ್ಕನಿಗೆ ಈಗ ದನಿಯಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಬರೀ ಉಸಿರಿನಲ್ಲಿ ಮಾತಾಡುತ್ತಾಳೆ. ಭಾವನಿಗೆ ಕಿವಿಯಿಲ್ಲ. ಹೀಗಾಗಿ ಆ ಮನೆಯಲ್ಲಿ ಜಗಳವಾಡಬೇಕೆಂದರೂ ನಾನು ಬರುವವರೆಗೆ ಕಾಯಬೇಕು. ನಾನು ಇಬ್ಬರ ನಡುವೆ ನಿಂತು ಅವಳ ಉಸಿರನ್ನು ಹಿಡಿದು ಭಾವನ ಕಿವಿಯೊಳಗೆ ಕೂಗುತ್ತೇನೆ. ನನ್ನ ಕೂಗಿಗೆ ಮೂರು ಬೀದಿಯ ನಾಯಿಗಳು ಓಗೊಡುತ್ತವೆ.

ಈ ಭಾವ ಒಂದು ಕಾಲದಲ್ಲಿ ಹಾಡುಗಳಿಗೆ ಸಂಗೀತ ಕೂಡಿಸುತ್ತಿದ್ದವರು. ಅವರ ಒಂದು ಹಾಡಂತೂ ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಹಲ್ಲು ಕೀಳುವ ಡಾಕ್ಟರ ಕೋಣೆಯಲ್ಲಿ ಕೂಡ ಕೇಳಿಸುತ್ತಿತ್ತು. ಅದನ್ನು ಕೇಳುತ್ತ ಜನ ಗಟ್ಟಿ ಹಲ್ಲನ್ನೂ ಕೀಳಿಸಿಕೊಂಡು ಹೋದರು. ಅದನ್ನು ಹಾಡಿದವರು ದೊಡ್ಡ ಗಾಯಕಿ. ದೊಡ್ಡ ಗಾಯಕಿಯರು ಹಾಡು ಕಲಿಯುತ್ತ ಕೂರುವುದಿಲ್ಲ. ಮೊದಲು ಇನ್ಯಾರೋ ಪೂರ್ತಿ ಹಾಡಿ ಇಟ್ಟಿರಬೇಕು. ಅದನ್ನು ಕೇಳಿಕೊಂಡು ಇವರು ಹಾಡಿ, ಕಾರು ಹತ್ತಿ ಹೋಗುತ್ತಾರೆ. ಮೊದಲು ಹಾಡಿದವಳನ್ನು ಟ್ರ್ಯಾಕ್ ಹಾಡುವವಳು ಅನ್ನುತ್ತಾರೆ. ಅವಳ ಹೆಸರು ಎಲ್ಲೂ ಬರುವುದಿಲ್ಲ. ಭಾವನ ಎಲ್ಲ ಹಾಡಿಗೂ ಹಾಗೆ ಹಾಡಿದವಳು ನನ್ನ ಅಕ್ಕ.

"ನಿನ್ನ ದನಿ ಐದನೇ ಟ್ರ್ಯಾಕಿನಲ್ಲಿ ಹಾಗೇ ಇದೆ. ಅಳಿಸ್ತೀನಾ ನಾನು?" ಎಂದು ಭಾವ ಆಗ ಹೇಳಿದ್ದರು. ಅಕ್ಕ ಆ ಮಾತನ್ನು ಒಡವೆಯ ಹಾಗೆ ಎತ್ತಿಟ್ಟುಕೊಂಡಿದ್ದಳು. ಈಗ ಗಂಟಲು ಹೋದ ಮೇಲೆ ಅದೇ ಒಂದು ಹಟ ಹಿಡಿದು ನನ್ನನ್ನು ಕರೆಸಿದಳು.

"ನಾನು ಹಾಡ್ತಿದ್ದೆ ಅನ್ನೋದೇ ನನಗೆ ಮರೆತು ಹೋಗ್ತಿದೆ ಕಣೋ. ಒಂದೇ ಸಲ ಕೇಳಿಸು, ಸಾಕು."

"ಒಂದು ಸಲ ಯಾಕಕ್ಕ? ನಿನ್ನ ದನಿ ಕೇಳಿ ಆ ದೊಡ್ಡ ಗಾಯಕಿ ಕಾರಿಳಿದು ವಾಪಸ್ ಬರಬೇಕು, ಹಾಗೆ ಕೇಳಿಸ್ತೀನಿ!"

ಯಂತ್ರ ಮಹಡಿ ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿನಲ್ಲಿತ್ತು. ಆನೆಮರಿಯಷ್ಟು ತೂಕ. ಅಗಲವಾದ ಟೇಪು, ಅದರ ಉದ್ದಕ್ಕೂ ಪಕ್ಕಪಕ್ಕದಲ್ಲಿ ಟ್ರ್ಯಾಕ್ ಎಂಬ ಎಂಟು ದಾರಿ; ಒಂದೊಂದು ವಾದ್ಯಕ್ಕೆ ಒಂದೊಂದು, ದನಿಗೆ ಬೇರೆ. ಅಕ್ಕ ಟಾರ್ಚು ಹಿಡಿದಳು, ನಾನು ಧೂಳು ಒರೆಸಿದೆ. ಧೂಳಿನೊಳಗೆ ಜೇಡಗಳು ತಾತ ಮುತ್ತಾತನ ಕಾಲದಿಂದ ಸಂಸಾರ ಹೂಡಿದ್ದವು. ಪ್ರತಿ ಟ್ರ್ಯಾಕಿಗೂ ಒಂದು ಪುಟ್ಟ ಸ್ವಿಚ್ಚು. ಕೆಳಗಿದ್ದರೆ ಆ ಟ್ರ್ಯಾಕ್ ಭದ್ರ. ಮೇಲಿದ್ದರೆ ರೆಕಾರ್ಡ್ ಒತ್ತಿದಾಗ ಹಳೆಯದು ಅಳಿಸಿ ಹೊಸದು ಕೂರುತ್ತದೆ. ಎಲ್ಲವೂ ಕೆಳಗಿದ್ದವು, ಐದರದು ಮಾತ್ರ ಮೇಲಿತ್ತು. ಸಾಗಿಸುವಾಗ ಯಾರದೋ ಕೈ ತಗುಲಿರಬೇಕೆಂದು ನಾನು ಅದನ್ನು ಕೆಳಗಿಳಿಸಿದೆ. ಟಾರ್ಚಿನ ಬೆಳಕು ಒಂದು ಕ್ಷಣ ಅಲ್ಲಾಡಿತು.

ಇಷ್ಟು ಕಾಲ ಮಲಗಿದ್ದ ಯಂತ್ರಕ್ಕೆ ಏಕಾಏಕಿ ಕರೆಂಟು ಕೊಡುವವನು ಮೂರ್ಖ. ನಾನು ಕರೆಂಟಿನ ದಾರಿಯಲ್ಲೊಂದು ಬಲ್ಬು ಸೇರಿಸಿ, ಮಗುವಿಗೆ ಹಾಲು ಕುಡಿಸುವ ಹಾಗೆ ಗುಟುಕು ಗುಟುಕಾಗಿ ಕೊಟ್ಟೆ. ಆದರೂ ಒಂದು ಕೆಪಾಸಿಟರ್ ಢಂ ಎಂದು ಸಿಡಿದು, ಕೊಳೆತ ಮೀನಿನ ವಾಸನೆಗೆ ಭಾವ ಮೂಗು ಹಿಡಿದು ಅಂಗಳಕ್ಕೆ ಓಡಿದರು. ಕೆಪಾಸಿಟರ್‌ಗಳನ್ನೆಲ್ಲ ಬದಲಾಯಿಸಿದೆ. ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ಗಾಲಿ ಬಿಸಿಲಿನ ಟಾರಿನಂತೆ ಕರಗಿತ್ತು, ಹೊಸದು ಕೂರಿಸಿದೆ. ಟೇಪು ಅಂಟಂಟಾಗಿತ್ತು, ಹಾಗೇ ಓಡಿಸಿದ್ದರೆ ಹಾಡೆಲ್ಲ ಪುಡಿಯಾಗಿ, ಟೇಪು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತಿತ್ತು. ತಗಡಿನ ಪೆಟ್ಟಿಗೆಯಲ್ಲಿ ಬಲ್ಬು ಹಚ್ಚಿ, ರೀಲನ್ನು ಅದರ ಹದವಾದ ಕಾವಿನಲ್ಲಿಟ್ಟು ಒಣಗಿಸಿದೆ. ಕೋಳಿಮೊಟ್ಟೆ ಇಟ್ಟಿದ್ದರೆ ಮರಿಯಾಗಿ ನನ್ನನ್ನೇ ಅಪ್ಪ ಅನ್ನುತ್ತಿತ್ತು. ಅಕ್ಕ ದಿನವೆಲ್ಲ ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದಳು.

ಮಾರನೆಯ ಮಧ್ಯಾಹ್ನ, ಅಕ್ಕ ಒಣಗಿದ ಬಟ್ಟೆ ತರಲು ಮಹಡಿಗೆ ಹೋಗಿದ್ದಾಗ, ಹೆಡ್‌ಫೋನ್ ಹಾಕಿಕೊಂಡು ಮೊದಲು ನಾನೊಬ್ಬನೇ ಓಡಿಸಿ ನೋಡಿದೆ. ಒಂದರಲ್ಲಿ ಡ್ರಮ್ಮು. ಎರಡರಲ್ಲಿ, ಮೂರರಲ್ಲಿ ಪಿಟೀಲು. ನಾಲ್ಕರಲ್ಲಿ ಕೊಳಲು, ಈಗ ತಾನೇ ತುಟಿಗಿಟ್ಟ ಹಾಗೆ. ಆರರಲ್ಲಿ ದೊಡ್ಡ ಗಾಯಕಿ. ಐದರ ಮೀಟರಿನ ಸೂಜಿ ಮಾತ್ರ ಮಲಗಿದಲ್ಲಿಂದ ಏಳಲಿಲ್ಲ.

ಒಂದೊಂದು ಟ್ರ್ಯಾಕಿನ ಸದ್ದು ಹೊರಡಿಸಲು ಯಂತ್ರದೊಳಗೆ ಒಂದೊಂದು ಕಾರ್ಡು. ಆರರ ಕಾರ್ಡು ಕಿತ್ತು ಐದಕ್ಕೆ ಹಾಕಿದೆ, ಐದರದ್ದನ್ನು ಆರಕ್ಕೆ. ಐದರ ಕಾರ್ಡಿನಲ್ಲಿ ದೊಡ್ಡ ಗಾಯಕಿ ಜೋರಾಗೇ ಹಾಡಿದರು. ಐದು ಮತ್ತೆ ಮೌನ. ನನ್ನ ಬಳಿ ಇದ್ದ ಪರೀಕ್ಷೆಯ ಟೇಪು ಹಾಕಿದೆ, ಐದರಲ್ಲೂ ಚೆನ್ನಾಗಿ ಸದ್ದು ಬಂತು. ಅಂದರೆ ಯಂತ್ರ ಸರಿಯಾಗಿದೆ. ಹಾಡಿನ ಟೇಪನ್ನು ಮತ್ತೆ ಹಾಕಿ, ಐದರ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿ, ಮೊದಲಿನಿಂದ ಕೇಳಿದೆ. ಹಾಡು ಶುರುವಾಗುವ ಮುಂಚೆ ಒಂದು ಉಸಿರು ಒಳಗೆಳೆದುಕೊಂಡ ಸದ್ದು. ಸೂಜಿ ಒಮ್ಮೆ ಮಿಸುಕಿತು. ಆಮೇಲೆ 'ಟಕ್'. ಅಲ್ಲಿಂದ ಕೊನೆಯವರೆಗೆ ಗುಡಿಸಿ ಸಾರಿಸಿದಂಥ ಖಾಲಿ.

ಎದುರಿಗೆ ಕೂತ ಭಾವ ನನ್ನ ಮುಖವನ್ನೇ ನೋಡುತ್ತಿದ್ದರು. "ತೇವ ತಿಂದಿರಬೇಕು, ಅಲ್ವೇನಪ್ಪ?" ಅಂದರು.

ನಾನು ಅವರ ಕಿವಿಗೆ ಬಾಯಿಟ್ಟೆ. "ಭಾವ, ನಾಲ್ಕಕ್ಕೂ ಆರಕ್ಕೂ ಮಧ್ಯೆ ಇರೋದು ಒಂದು ಗೆರೆ ಜಾಗ. ತೇವ ಆ ಕಡೆ ಈ ಕಡೆ ಮುಟ್ಟದೆ, ಅಕ್ಕನ ದನಿ ಮಾತ್ರ ಹುಡುಕಿಕೊಂಡು ತಿನ್ನುತ್ತಾ? ಮೈಕೇ ಹಾಕದೆ ಯಾರೋ ರೆಕಾರ್ಡ್ ಒತ್ತಿದ್ದಾರೆ."

ಅವರು ನನ್ನ ಮುಂಗೈ ಹಿಡಿದುಕೊಂಡರು. "ಯಂತ್ರ ಕೆಟ್ಟಿದೆ ಅಂದ್ಬಿಡು. ನೀನು ಹೇಳಿದ್ರೆ ನಂಬ್ತಾಳೆ. ಈ ವಯಸ್ಸಲ್ಲಿ ಅವಳಿಗ್ಯಾಕೆ ಅದೆಲ್ಲ?"

ಅಕ್ಕ ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಬಂದಳು. ಸುಳ್ಳು ಹೇಳುವುದು ನನಗೇನು ಹೊಸದೇ? ಕೆರೆಯಿಂದ ಶ್ರುತಿಬದ್ಧ ಮೀನು ತೆಗೆದವನು ನಾನು.

"ಅಕ್ಕ, ಐದು ನನ್ನ ಕೈಲಾಗಲ್ಲ. ಈ ಯಂತ್ರ ನನ್ನ ಸೋಲಿಸ್ತು."

ಅವಳು ಬಟ್ಟೆಗಳನ್ನು ಕುರ್ಚಿಯ ಮೇಲಿಟ್ಟಳು. "ಇನ್ನೊಂದ್ ಸಲ ಹೇಳು."

"ಸೋತೆ ಅಂದ್ನಲ್ಲ."

"ಹುಟ್ಟಿದಾಗಿನಿಂದ ಆ ಮಾತು ನಿನ್ನ ಬಾಯಲ್ಲಿ ಕೇಳಿಲ್ಲ ಕಣೋ ಬಡಾಯಿ. ನಿಜವಾಗ್ಲೂ ಸೋತಿದ್ರೆ ಗೆದ್ದೆ ಅಂತಿದ್ದೆ." ಅವಳು ಐದರ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. "ಮೇಲಿತ್ತಲ್ಲ ಸ್ವಿಚ್ಚು, ನಾನೂ ನೋಡಿದೆ. ಟಾರ್ಚು ನನ್ನ ಕೈಲೇ ಇತ್ತು. ಅಷ್ಟು ವರ್ಷ ಆ ಯಂತ್ರದ ಮುಂದೆ ನಿಂತು ಹಾಡಿದವಳಿಗೆ ಸ್ವಿಚ್ಚು ಗೊತ್ತಾಗಲ್ವಾ? ಆದ್ರೂ ನೀನು ಏನಾದ್ರೂ ಮಾಡಿ ತರ್ತೀಯ ಅಂತ ಕೂತಿದ್ದೆ. ನಿನ್ನ ಬಡಾಯೀನ ಒಂದು ಸಲ ನಂಬೋಣ ಅಂತ."

ಅವಳು ಭಾವನ ಕಡೆ ತಿರುಗಿದಳು.

"ಕೇಳು ಅವರನ್ನ. ಯಾಕೆ ಅಂತ ಕೇಳು."

ಕೂಗಿದೆ. ಆಚೆ ಮನೆಯ ಕಿಟಕಿ ತೆರೆದುಕೊಂಡಿತು, ನಾಯಿಗಳೂ ಶುರುಮಾಡಿದವು. ಭಾವ ರೀಲಿನ ಮೇಲೆ ಕೈಯಿಟ್ಟರು.

"ಹಾಡು ಮುಗಿದ ದಿನ ಎಲ್ಲರಿಗೂ ಕೇಳಿಸ್ತಾ ಇದ್ದೆ," ಅಂದರು. "ಐದನ್ನ ಹಾಕಿ, ಮತ್ತೆ ಐದನ್ನ ಹಾಕಿ ಅಂದ್ರು. ಪಿಟೀಲಿನವನು ಕಣ್ಣೊರೆಸಿಕೊಂಡ. ರಾಗ ಯಾರದು ಅಂತ ಒಬ್ಬನೂ ಕೇಳ್ಲಿಲ್ಲ. ನಾನು ಅಲ್ಲೇ ಕೂತಿದ್ದೆ, ಯಾರಿಗೂ ಕಾಣಿಸ್ಲಿಲ್ಲ. ಎಲ್ಲರೂ ಹೋದ್ಮೇಲೆ ರೆಕಾರ್ಡ್ ಒತ್ತಿದೆ."

ಅಕ್ಕ ಹೆಡ್‌ಫೋನ್ ಹಾಕಿಕೊಂಡು ನನಗೆ ಕೈಸನ್ನೆ ಮಾಡಿದಳು. ಓಡಿಸಿದೆ. ಉಸಿರು, ಟಕ್. ಮತ್ತೆ ಹಿಂದಕ್ಕೆ ಅಂದಳು. ಉಸಿರು, ಟಕ್. ಒಳಗೆ ಅವಳ ಎಳೆಯ ಉಸಿರು, ಹೊರಗೆ ಅವಳ ಮುದಿ ಉಸಿರು. ನಡುವೆ ಇದ್ದ ಹಾಡನ್ನು ಭಾವ ತಿಂದಿದ್ದರು.

ಆಗ ಭಾವ ಮೀಟರಿನತ್ತ ಬೆರಳು ಮಾಡಿ ಚೀರಿದರು. "ಸೂಜಿ ಅಲ್ಲಾಡ್ತು! ಇದೆ! ಪೂರ್ತಿ ಅಳಿಸಿಲ್ಲ, ನೋಡು, ನಿನ್ನ ದನಿ ಇದೆ!" ಅವರ ಮುಖ ಮಗುವಿನದಾಗಿತ್ತು.

ಅಕ್ಕ ಹೆಡ್‌ಫೋನನ್ನು ತೆಗೆದು ಅವರ ತಲೆಗೆ ಹಾಕಿದಳು. ನನ್ನ ಕಡೆ ತಿರುಗಿ, "ಕೊನೇವರೆಗೂ ಓಡಲಿ," ಅಂದಳು.

ರೀಲು ತಿರುಗಿತು. ಭಾವ ಏನೂ ಕೇಳಿಸದ ಕಿವಿಯಿಂದ ಏನೂ ಇಲ್ಲದ ಟ್ರ್ಯಾಕನ್ನು ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿಗೆ ಅವರ ಬೆರಳು ಮೊಣಕಾಲ ಮೇಲೆ ತಾಳ ಹಾಕತೊಡಗಿತು. ಲಯ ಒಂದಿಷ್ಟೂ ತಪ್ಪಲಿಲ್ಲ. ಅಕ್ಕ ಅದನ್ನು ನೋಡಿದಳು. ಒಣಗಿದ ಬಟ್ಟೆಗಳಲ್ಲಿ ತನ್ನವನ್ನು ಮಾತ್ರ ಆರಿಸಿ ಮಡಚಿಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಆ ಯಂತ್ರ ಈಗ ಹೊಸದರ ಹಾಗೆ ಓಡುತ್ತದೆ. ಇದು ಬಡಾಯಿಯಲ್ಲ. ಬೇಕಾದವರು ಬಂದು ನೋಡಬಹುದು.