ವರ್ಕಿ ತಟ್ಟೆಯ ಸದ್ದು

ಮಹಾಲಿಂಗಮ್ಮ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಕೇಳುವವರು ಅರ್ಧದಲ್ಲೇ ಮೂಗು ಮುರಿಯುತ್ತಾರೆ. ಊಟಿಯ ಇಳಿಜಾರು ಬೀದಿಯೊಂದರಲ್ಲಿ ಅವಳ ಬೇಕರಿ. ಬೋರ್ಡಿನ ಮೇಲೆ ಇರುವುದು ಮಗಳ ಹೆಸರು, ಅಮೃತಾ ಬೇಕರಿ. ಸೌದೆ ಒಲೆಯಲ್ಲಿ ಬೇಯಿಸಿದ ವರ್ಕಿ ಬಿಸ್ಕತ್ತು ಅಲ್ಲಿ ಸಿಗುತ್ತದೆ, ಪದರ ಪದರ ಬಿಟ್ಟುಕೊಂಡು, ಚಹಾಕ್ಕೆ ಅದ್ದುವ ಮೊದಲೇ ಕೈಯಲ್ಲಿ ಪುಡಿಯಾಗುವಂಥದ್ದು. ಆಳುಗಳಿಗೆ ಜ್ವರ ಬಂದರೆ ತಾನೇ ಕಷಾಯ ಕಾಯಿಸಿ ಕೊಟ್ಟವಳು ಮಹಾಲಿಂಗಮ್ಮ. ಅವರ ಮೇಲೆ ಒಂದು ದಿನವೂ ದನಿ ಎತ್ತಿದವಳಲ್ಲ. ಎತ್ತುವ ಅಗತ್ಯವೇ ಬೀಳುತ್ತಿರಲಿಲ್ಲ ಬಿಡಿ, ಅವಳು ಸುಮ್ಮನೆ ನೋಡುತ್ತಿದ್ದಳು, ಅಷ್ಟು ಸಾಕಿತ್ತು. ನಮ್ಮದು ಬೇಕರಿ ಅಲ್ಲ, ಕುಟುಂಬ ಎಂದು ಬಂದವರೆದುರೆಲ್ಲ ಹೇಳಿಕೊಳ್ಳುತ್ತಿದ್ದಳು.

ಆ ಕುಟುಂಬದ ಒಬ್ಬಳೇ ಮಗಳು ಈಗ ಗೂಡಲೂರಿನಲ್ಲಿ ಇನ್ಯಾರದೋ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದಾಳೆ. ಈ ಸಂಕಟವನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಆಗಿದ್ದು ಇಷ್ಟೇ. ರಜೆಯ ಗಿರಾಕಿಗಳು ಬಾಗಿಲ ತನಕ ನಿಂತಿದ್ದ ದಿನ, ಒಲೆಯ ಮುಂದಿದ್ದ ಅಮೃತಾಳ ಕೈಯಲ್ಲಿ ಒಂದು ತಟ್ಟೆ ವರ್ಕಿ ಸೀದುಹೋಯಿತು. ಮಹಾಲಿಂಗಮ್ಮ ಒಳಗೆ ಬಂದಳು, ನೋಡಿದಳು, ತಟ್ಟೆಯನ್ನು ಎಲ್ಲರೆದುರು ತಂದು ನೆಲಕ್ಕೆ ಸುರಿದಳು. “ಮಗಳಾದ್ರೇನು, ಎಲ್ಲರಿಗೂ ಒಂದೇ ನ್ಯಾಯ. ಎತ್ತು,” ಎಂದಳು, ಎಂದಿನ ಮೆತ್ತಗಿನ ದನಿಯಲ್ಲೇ. ಅಮೃತಾ ಮೊಣಕಾಲೂರಿ ಒಂದೊಂದೇ ಎತ್ತಿದಳು. ಕೌಂಟರಿನ ತೇನ್ಮೊಳಿ ಸಹಾಯಕ್ಕೆಂದು ಬಗ್ಗಿದಳು. ಮಹಾಲಿಂಗಮ್ಮ ಅವಳ ಕಡೆ ನೋಡಿದಳು. ತೇನ್ಮೊಳಿ ನೆಟ್ಟಗೆ ನಿಂತಳು. ಆ ರಾತ್ರಿ ಮಹಾಲಿಂಗಮ್ಮನಿಗೆ ತನ್ನ ಬಗ್ಗೆ ಹೆಮ್ಮೆಯೇ ಆಗಿತ್ತು, ಹೆತ್ತ ಮಗಳಿಗೂ ರಿಯಾಯಿತಿ ಕೊಡಲಿಲ್ಲವಲ್ಲ ಎಂದು. ಬೆಳಿಗ್ಗೆ ಎದ್ದರೆ ಒಲೆಯ ಪಕ್ಕದಲ್ಲಿ ಏಪ್ರನ್ ಮಡಿಸಿಟ್ಟಿತ್ತು. ಮಗಳು ಇರಲಿಲ್ಲ.

ಇನ್ನೊಂದು ಸಂಗತಿ ಹೇಳದಿದ್ದರೆ ಈ ಕತೆ ಅರ್ಥವಾಗುವುದಿಲ್ಲ. ಅವಳ ಗಂಡ ಗಂಗಾಧರ ಮಾತಿನ ಮನುಷ್ಯನಾಗಿರಲಿಲ್ಲ, ಒಲೆಯ ಮುಂದೆ ನಿಂತೇ ಆಯುಷ್ಯ ಕಳೆದವನು. ಆದರೆ ಮಹಾಲಿಂಗಮ್ಮ ಪೇಟೆಗೆ ಹೋಗಿ ಹಿತ್ತಲ ಗೇಟು ತೆರೆದು ಬರುವಾಗೆಲ್ಲ ಒಳಗಿನಿಂದ ಒಂದು ಸದ್ದು ಕೇಳುತ್ತಿತ್ತು. ತಗಡಿನ ತಟ್ಟೆಯ ಅಂಚಿಗೆ ಮರದ ಸಟ್ಟುಗದಿಂದ ಎರಡು ಪೆಟ್ಟು: ಟಣ್, ಟಣ್. ಬೆಂದ ವರ್ಕಿ ತಟ್ಟೆಗೆ ಅಂಟಿದ್ದರೆ ಹಾಗೆ ತಟ್ಟಿ ಬಿಡಿಸುವುದು ಎಲ್ಲ ಬೇಕರಿಯಲ್ಲೂ ಉಂಟು. ಆದರೆ ಸರಿಯಾಗಿ ತಾನು ಬರುವಾಗಲೇ ಯಾಕೆ ಎಂದು ಅವಳು ಯೋಚಿಸಿದ್ದಳು, ಉತ್ತರವನ್ನೂ ತಾನೇ ಕಂಡುಕೊಂಡಿದ್ದಳು. ಬಾಯಲ್ಲಿ ಕೇಳಲು ನಾಚುವ ಗಂಡ ತಟ್ಟೆಯಲ್ಲಿ ಕೇಳುತ್ತಿದ್ದಾನೆ, ಬಂದೆಯಾ ಅಂತ. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನು ಕೊಟ್ಟ ಸೀರೆಗಿಂತ, ಓಲೆಗಿಂತ ಅವಳಿಗೆ ಆ ಎರಡು ಪೆಟ್ಟು ಹೆಚ್ಚು. ಈ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ.

ಮಗಳು ಹೋಗುವುದಕ್ಕೆ ಮುಂಚೆಯೇ ಒಂದು ದಿನ ಗಂಗಾಧರ ಎದೆನೋವೆಂದು ಒರಗಿದವನು ಮೇಲೇಳಲಿಲ್ಲ. ಕಾರ್ಯವೆಲ್ಲ ಮುಗಿಸಿ ಮತ್ತೆ ಅಂಗಡಿ ತೆರೆದ ದಿನ, ಇನ್ನು ಆ ಸದ್ದು ಇಲ್ಲವಲ್ಲ ಎಂದು ಗೇಟಿನ ಬಳಿ ಅವಳ ಕಾಲೇ ಬರಲಿಲ್ಲ. ಹೇಗೋ ಎಳೆದು ಒಳಗಿಟ್ಟರೆ, ಟಣ್, ಟಣ್. ಒಲೆಯ ಮುಂದೆ ಅಮೃತಾ ನಿಂತಿದ್ದಳು. ಅಪ್ಪನ ಜಾಗದ ಜೊತೆಗೆ ಅಪ್ಪನ ಪ್ರೀತಿಯನ್ನೂ ಎತ್ತಿಕೊಂಡಳಲ್ಲ ನನ್ನ ಮಗಳು ಎಂದು ಮಹಾಲಿಂಗಮ್ಮ ಮೈದಾ ಮೂಟೆಗಳ ನಡುವೆ ಕೂತು ಮನಸಾರೆ ಅತ್ತಳು.

ಈಗ ಅಮೃತಾ ಹೋದಮೇಲೆ ಅವಳು ಅಂಗಡಿ ಬಿಟ್ಟು ಕದಲಿರಲಿಲ್ಲ. ಬೆಳಗಿನಿಂದ ಮುಚ್ಚುವ ತನಕ ಗಲ್ಲಾದ ಹಿಂದೆಯೇ ಕಾವಲು. ಹೊರಗೆ ಹೋಗದವಳು ಬರುವುದಾದರೂ ಎಲ್ಲಿಂದ, ಹಾಗಾಗಿ ತಟ್ಟೆಯ ಸದ್ದೂ ಇಲ್ಲ. ಮಗಳ ಜೊತೆ ಅದೂ ಹೋಯಿತು ಎಂದುಕೊಂಡಳು. ಕಡೆಗೊಂದು ಬೆಳಿಗ್ಗೆ ತಡೆಯಲಾಗದೆ, ಒಲೆಯನ್ನು ಆಳು ಸೆಲ್ವಕುಮಾರನಿಗೆ, ಕೌಂಟರನ್ನು ತೇನ್ಮೊಳಿಗೆ ಒಪ್ಪಿಸಿ, ಅಮೃತಾಳ ಏಪ್ರನ್ನನ್ನು ಒಗೆದು ಮಡಿಸಿ ಚೀಲದಲ್ಲಿಟ್ಟುಕೊಂಡು ಗೂಡಲೂರಿನ ಬಸ್ಸು ಹತ್ತಿದಳು. ಕರೆದುಕೊಂಡೇ ಬರಬೇಕು ಎಂಬ ಹಟ. ನಡುವಟ್ಟಂ ದಾಟಿ ಬಸ್ಸು ತಿರುವುಗಳಲ್ಲಿ ಇಳಿಯುವಾಗ ಸ್ವೆಟರು ತೆಗೆದು ಮಡಿಲಲ್ಲಿಟ್ಟುಕೊಂಡು, ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿದಳು. ಬೇರೆಯವರ ಅಂಗಡೀಲಿ ಯಾಕೆ ದುಡೀತೀಯ, ಬಾ, ಎಲ್ಲ ನಿಂದೇ ಅಲ್ವಾ.

ಆ ಬೇಕರಿ ಗೂಡಲೂರು ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿತ್ತು. ನೇರ ನುಗ್ಗಲು ಮನಸ್ಸಾಗದೆ ಎದುರಿನ ಚಹಾ ಅಂಗಡಿಯ ಬೆಂಚಿನಲ್ಲಿ ಕೂತಳು. ಒಲೆ, ಮೇಜು, ಕೌಂಟರು ಎಲ್ಲ ರಸ್ತೆಗೆ ಕಾಣುವ ಹಾಗೆ ಒಂದೇ ಕೋಣೆ. ಅಮೃತಾ ಬೆನ್ನು ತಿರುಗಿಸಿ ಹಿಟ್ಟು ಮಡಿಸುತ್ತಿದ್ದಳು. ಸ್ವಲ್ಪ ಸಣ್ಣಗಾಗಿದ್ದಳು.

ಮಾಲೀಕ ಸುರೇಂದ್ರನ್, ಲುಂಗಿ ಎತ್ತಿ ಕಟ್ಟಿದ ದಪ್ಪ ಮನುಷ್ಯ. ಅವನ ಗಂಟಲು ಬಸ್‌ಸ್ಟ್ಯಾಂಡಿಗೂ ಕೇಳುವಂಥದ್ದು. ನೋಡಿದ ಕೂಡಲೇ ಮಹಾಲಿಂಗಮ್ಮನಿಗೆ ಸಮಾಧಾನವಾಯಿತು, ನಾನು ಇವನ ಹಾಗೆ ಕೂಗಾಡುವವಳಲ್ಲ ಎಂದು. ಅಷ್ಟರಲ್ಲಿ ಒಲೆಯ ಕೆಲಸದ ಅರಿ ಎಂಬವನು ಒಂದು ತಟ್ಟೆ ಎತ್ತಿಕೊಂಡು, ಯಾರೂ ಕರೆಯದೆ, ತಾನಾಗೇ ಮಾಲೀಕನ ಹತ್ತಿರ ಬಂದ.

“ಚೇಟಾ, ಇದು ನೋಡಿ. ಹೋಯ್ತು,” ಎಂದ.

ತಟ್ಟೆಯಲ್ಲಿದ್ದದ್ದು ಕರಕಲು. ಸುರೇಂದ್ರನ್ ಕೂಗಾಡಿದ. ಒದ್ದೆ ಸೌದೆ ತಂದುಕೊಟ್ಟವರು ಯಾರು ಎಂದು ಅರಿ ಅವನಿಗಿಂತ ಜೋರಾಗಿ ಕೂಗಿದ. ಸುರೇಂದ್ರನ್ ಒಂದು ಕರಕಲು ವರ್ಕಿಯನ್ನು ಕಚ್ಚಿ ಮುಖ ಕಿವುಚಿ, ಇನ್ನೊಂದನ್ನು ಅಮೃತಾಳಿಗೆ ಹಿಡಿದ. ಅವಳೂ ಕಚ್ಚಿದಳು. ಕಚ್ಚಿದವಳೇ ತಲೆ ಹಿಂದಕ್ಕೆ ಹಾಕಿ ನಕ್ಕಳು.

ಮಹಾಲಿಂಗಮ್ಮ ಕೈಯಲ್ಲಿದ್ದ ಲೋಟವನ್ನು ಬೆಂಚಿನ ಮೇಲಿಟ್ಟಳು. ಆಳುಗಳನ್ನು ಹೀಗೆ ತಲೆ ಮೇಲೆ ಕೂರಿಸಿಕೊಂಡರೆ ಅಂಗಡಿ ಉದ್ಧಾರವಾದ ಹಾಗೆ ಎಂದು ಮನಸ್ಸಿನಲ್ಲೇ ಬೈದಳು. ಆದರೆ ಆ ನಗು ಎಲ್ಲೋ ಚುಚ್ಚಿತು. ಮಗಳು ಹೀಗೆ ನಗುವುದನ್ನು ತಾನು ಕೊನೆಗೆ ಕೇಳಿದ್ದು ಯಾವಾಗ? ನೆನಪು ಮಾಡಿಕೊಳ್ಳಲು ಹೋದರೆ ಸಿಗಲಿಲ್ಲ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ನನ್ನ ಅಂಗಡಿಯಲ್ಲಿ ಇದುವರೆಗೆ ಒಬ್ಬರಾದರೂ ಸೀದ ತಟ್ಟೆಯನ್ನು ತಾವಾಗಿ ತಂದು ತೋರಿಸಿದ್ದಾರೆಯೇ? ಕಂಡದ್ದೆಲ್ಲ ನಾನೇ ಹಿಡಿದದ್ದು. ನಾನು ನೋಡುವಾಗ ಮಾತ್ರ ಸೀಯುವ ಒಲೆ ಲೋಕದಲ್ಲಿ ಎಲ್ಲಾದರೂ ಉಂಟೇ? ಉಳಿದದ್ದೆಲ್ಲ ಎಲ್ಲಿ ಹೋಯಿತು?

ಸುರೇಂದ್ರನ್ ಸ್ಕೂಟರ್ ಹತ್ತಿ ಎಲ್ಲಿಗೋ ಹೋದ. ಈಗ ನೋಡು, ಎಲ್ಲರೂ ಮೊಬೈಲು ಹಿಡಿದು ಕೂರುತ್ತಾರೆ ಎಂದು ಅವಳು ಕಾದಳು. ಯಾರೂ ಕೂರಲಿಲ್ಲ. ಅವನು ವಾಪಸು ಬಂದ. ಯಾರೂ ಗಡಬಡಿಸಿ ಏಳಲೂ ಇಲ್ಲ. ಅರಿ ಸಿಳ್ಳೆ ಹಾಕುತ್ತಿದ್ದ, ಹಾಕುತ್ತಲೇ ಇದ್ದ. ಮಾಲೀಕ ಬಾಗಿಲಲ್ಲಿ ಕಾಲಿಟ್ಟರೂ ಆ ಕೋಣೆಯಲ್ಲಿ ಏನೂ ಬದಲಾಗಲಿಲ್ಲ. ಏನೋ ಒಂದು ಕಡಿಮೆ ಇದೆ ಎಂದು ಮಹಾಲಿಂಗಮ್ಮನಿಗೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ.

ಎದ್ದು ರಸ್ತೆ ದಾಟಿದಳು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಆ ಸದ್ದಿನ ಗುರುತು ಹತ್ತಿ ಅಮೃತಾ ತಿರುಗಿದಳು. ತಾಯಿ ಮಗಳ ಕಣ್ಣು ಸೇರುವ ಮೊದಲೇ ಮಗಳ ಕೈ ತಾನಾಗಿ ಸಟ್ಟುಗ ಎತ್ತಿ ತಟ್ಟೆಯ ಅಂಚಿಗೆ ಬಡಿಯಿತು.

ಟಣ್, ಟಣ್.

ಅಮೃತಾಳ ಮುಖದ ನಗು ಆರಿತು. ಒಂದು ಕೈ ಮೇಜಿನ ಮೇಲಿದ್ದ ಮೊಬೈಲನ್ನು ಬಟ್ಟೆಯ ಅಡಿಗೆ ತಳ್ಳಿತು, ಇನ್ನೊಂದು ಆಗಲೇ ಚೊಕ್ಕವಾಗಿದ್ದ ಮೇಜನ್ನು ಒರೆಸತೊಡಗಿತು. ಏನಾಯಿತೆಂದು ತಿಳಿಯದೆ ಅರಿ ಅವಳನ್ನೂ ಬಂದವಳನ್ನೂ ನೋಡಿದ. ಆ ಪೆಟ್ಟು ಆ ಕೋಣೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಅರ್ಥವಾದದ್ದು ಬಾಗಿಲಲ್ಲಿ ನಿಂತವಳಿಗೆ ಮಾತ್ರ.

ಅಮೃತಾ ತನ್ನ ಕೈಯನ್ನೇ ನೋಡಿಕೊಂಡಳು. “ಅವ್ವಾ,” ಎಂದಳು, ಕದ್ದು ಸಿಕ್ಕಿಬಿದ್ದವರ ದನಿಯಲ್ಲಿ.

ಸುರೇಂದ್ರನ್ ಮುಂದೆ ಬಂದ. “ಅಮೃತಾ ಅಮ್ಮನಾ? ವಾಂಗ ಅಕ್ಕಾ, ಬನ್ನಿ, ಕೂತ್ಕೊಳ್ಳಿ. ಚಾಯ ತರಿಸ್ತೀನಿ. ಹಿಂದುಗಡೆ ನೆರಳಿದೆ, ಮಾತಾಡ್ಕೊಳ್ಳಿ,” ಎಂದು ತಾನೇ ಸ್ಟೂಲು ಎತ್ತಿ ಹಿತ್ತಲಿಗೆ ತಂದಿಟ್ಟ. ಅವನ ಮೇಲೆ ಜಗಳ ತೆಗೆಯಲೆಂದು ಬಂದವಳಿಗೆ ಅವನ ಮುಖ ನೋಡಲೂ ಆಗಲಿಲ್ಲ.

ಸೌದೆ ರಾಶಿಯ ಪಕ್ಕ ತಾಯಿ ಕೂತಳು, ಮಗಳು ನಿಂತಳು. ಬಾಯಿಪಾಠ ಮಾಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ.

“ಅದು ನಾ ಬರ್ತೀನಿ ಅಂತ ಹೊಡೆಯೋದಾ?”

ಅಮೃತಾ ತಲೆ ತಗ್ಗಿಸಿದಳು. “ಅಭ್ಯಾಸ ಅವ್ವಾ. ಕೈ ತಾನಾಗೇ ಹೋಯ್ತು. ಬೇಕು ಅಂತ ಹೊಡೀಲಿಲ್ಲ.”

“ಯಾರು ಶುರು ಮಾಡಿದ್ದು?”

ಮಗಳು ಸೌದೆಯೊಂದರ ತೊಗಟೆ ಕೀಳತೊಡಗಿದಳು. ಅದರಲ್ಲೇ ಉತ್ತರ ಇತ್ತು. ಆದರೂ ಮಹಾಲಿಂಗಮ್ಮ ಬಿಡಲಿಲ್ಲ, ಹುಣ್ಣನ್ನು ಕೆರೆಯುವವರ ಹಾಗೆ ಮತ್ತೆ ಕೇಳಿದಳು.

“ಅಪ್ಪ,” ಎಂದಳು ಅಮೃತಾ. “ನಾ ಸಣ್ಣವಳಿದ್ದಾಗ. ಹಿಟ್ಟಲ್ಲಿ ಗುಬ್ಬಿ ಮಾಡಿ ಆಡ್ತಿದ್ನಲ್ಲಾ, ಗೇಟಿನ ಸದ್ದು ಕೇಳಿದ್ರೆ ಅಪ್ಪ ತಟ್ಟೆ ಹೊಡೀತಿದ್ದ, ನಾ ಎಲ್ಲಾ ಮುಚ್ಚಿಡ್ತಿದ್ದೆ. ಆಮೇಲೆ ಎಲ್ಲರಿಗೂ ಅದೇ ಆಯ್ತು. ಸೀದದ್ದು ಇದ್ರೆ ಒಲೆಗೆ ಹಾಕಿಬಿಡೋದು, ತಿಂತಿದ್ರೆ ನುಂಗೋದು. ಅಪ್ಪ ಹಾಡೋದು ನಿಲ್ಲಿಸೋದು.”

“ಏನು ನಿಲ್ಲಿಸೋದು?”

“ಹಾಡೋದು.”

“ನಿಮ್ಮಪ್ಪ ಹಾಡ್ತಿದ್ರಾ?”

ಅಮೃತಾ ಈಗ ತಾಯಿಯ ಮುಖವನ್ನು ಸರಿಯಾಗಿ ನೋಡಿದಳು. ಅವಳಿಗೂ ಗಾಬರಿಯಾಯಿತು. “ನಿಂಗೆ ಗೊತ್ತಿಲ್ವಾ ಅವ್ವಾ? ದಿನಾ ಹಾಡ್ತಿದ್ದ. ಹಿಟ್ಟು ಉಬ್ಬೋದರ ಮೇಲೆ ತಾನೇ ಒಂದು ಹಾಡು ಕಟ್ಟಿದ್ದ. ತೇನ್ಮೊಳಿಗೂ ಬರುತ್ತೆ ಅದು.”

ಅಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ, ಒಂದೇ ತಟ್ಟೆಯಲ್ಲಿ ಉಂಡ ಗಂಡ ಹಾಡುತ್ತಿದ್ದನಂತೆ. ಕೌಂಟರಿನ ಹುಡುಗಿಗೆ ಗೊತ್ತು, ಒಲೆಯ ಸೆಲ್ವಕುಮಾರನಿಗೆ ಗೊತ್ತು. ಹೆಂಡತಿಗೆ ಗೊತ್ತಿಲ್ಲ.

“ನೀ ಒಂದ್ಸಲ ಹಾಡು,” ಎಂದಳು. “ಕೇಳ್ತೀನಿ.”

ಅಮೃತಾ ಬಾಯಿ ತೆರೆದಳು. ಗಂಟಲು ಸರಿಮಾಡಿಕೊಂಡಳು. ಮತ್ತೆ ತೆರೆದಳು. ಕಣ್ಣಲ್ಲಿ ನೀರು ಬಂತೇ ಹೊರತು ದನಿ ಬರಲಿಲ್ಲ.

“ಆಗಲ್ಲ ಅವ್ವಾ. ನಿನ್ನ ಮುಂದೆ ಬರಲ್ಲ.”

ಒಳಗೆ ಅರಿಯ ಸಿಳ್ಳೆ ಕೇಳುತ್ತಿತ್ತು. ಚಾಯ ಬಂತು, ಆರಿತು. ಊರಿಗೆ ಬಾ ಎಂದು ಮಹಾಲಿಂಗಮ್ಮ ಕೇಳಲಿಲ್ಲ, ಮಗಳೇ ಹೇಳಿದಳು, “ನಾ ಬರಲ್ಲ ಅವ್ವಾ. ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ಅಲ್ಲಿ ನಿಂತ್ರೆ ನನ್ನ ಕಿವಿ ಯಾವಾಗ್ಲೂ ಗೇಟಿನ ಕಡೆಗೇ ಇರುತ್ತೆ. ಇಲ್ಲಿ ಕಿವಿಗೆ ಕೆಲಸ ಇಲ್ಲ.” ಮಹಾಲಿಂಗಮ್ಮ ತಲೆಯಾಡಿಸಿದಳು. ಏಪ್ರನ್ ಚೀಲದಲ್ಲೇ ಉಳಿಯಿತು.

ಬಸ್ಸು ಮೇಲಕ್ಕೆ ಹತ್ತುತ್ತಾ ಹೋದಂತೆ ಚಳಿ ಏರಿತು. ಸ್ವೆಟರು ಹಾಕಿಕೊಳ್ಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ನನಗೆ ಅಂತ ಹೊಡೀತಾನೆ ಎಂದುಕೊಂಡಿದ್ದೆನಲ್ಲ, ಎಂಥ ಪೆದ್ದಿ ನಾನು ಎಂದು ಕಿಟಕಿಗೆ ಮುಖ ಮಾಡಿ ಅತ್ತಳು. ಗಂಡ ಸತ್ತ ದಿನಕ್ಕಿಂತ ಹೆಚ್ಚು ಅತ್ತಳು. ಆ ದಿನ ಅವನು ಹೋಗಿದ್ದ, ಅಷ್ಟೇ. ಇವತ್ತು ಅವನು ತನ್ನ ಹತ್ತಿರ ಪೂರ್ತಿಯಾಗಿ ಇದ್ದೇ ಇರಲಿಲ್ಲ ಎಂದು ಗೊತ್ತಾಯಿತು, ಅದೂ ಕೇಳಲು ಅವನಿಲ್ಲದ ಹೊತ್ತಿನಲ್ಲಿ.

ಸಂಜೆ ಅವಳು ಹಿತ್ತಲ ಗೇಟು ತೆರೆದಾಗ ಸದ್ದಾಗಲಿಲ್ಲ. ಗೇಟನ್ನು ಎತ್ತಿ ಹಿಡಿದು ಮೆಲ್ಲಗೆ ತೆರೆದಿದ್ದಳು, ಯಾಕೆಂದು ಅವಳಿಗೇ ತಿಳಿಯದು. ಒಳಗೆ ತೇನ್ಮೊಳಿ ಗಂಟಲು ತಗ್ಗಿಸಿ, “ಎಲ್ಲರಿಗೂ ಒಂದೇ ನ್ಯಾಯ. ಎತ್ತು,” ಎನ್ನುತ್ತಿದ್ದಳು. ಸೆಲ್ವಕುಮಾರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಣಕ ಚೆನ್ನಾಗಿತ್ತು. ದನಿ ಅವಳದೇ, ಮೆತ್ತಗಿನದು, ತಣ್ಣಗಿನದು. ಮಹಾಲಿಂಗಮ್ಮನಿಗೆ ಸಿಟ್ಟು ಬರಲಿಲ್ಲ. ನಾನು ಇಷ್ಟು ತಣ್ಣಗಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಂಡಳು.

ಆಮೇಲೆ ತೇನ್ಮೊಳಿ ಏನೋ ಗುನುಗಲು ಶುರುಮಾಡಿದಳು. ಹಿಟ್ಟು, ಉಬ್ಬು ಎಂದು ಎರಡು ಮಾತು ಕಿವಿಗೆ ಬಿತ್ತು. ಮಹಾಲಿಂಗಮ್ಮ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಮಂಜು ಇಳಿಯುತ್ತಿದ್ದ ಹಿತ್ತಲಲ್ಲಿ ಉಸಿರು ಬಿಗಿಹಿಡಿದು ನಿಂತಳು. ತನ್ನ ಗಂಡನ ಹಾಡನ್ನು ತನ್ನದೇ ಅಂಗಡಿಯಲ್ಲಿ ಕಳ್ಳಿಯ ಹಾಗೆ ಕೇಳಿಸಿಕೊಂಡಳು. ಹಾಡು ಮುಗಿಯಿತು. ಮತ್ತೆ ಹರಟೆ, ಮತ್ತೆ ನಗು.

ಎಷ್ಟು ಹೊತ್ತೆಂದು ನಿಲ್ಲುವುದು? ಒಳಗೆ ಹೋಗಲೇಬೇಕು. ಹಾಗೇ ಹೋಗಿ ನಿಂತರೆ ಆ ಹುಡುಗಿಯ ಎದೆ ಒಡೆದೀತು. ಎಚ್ಚರಿಸಲು ಗಂಗಾಧರ ಇಲ್ಲ, ಅಮೃತಾ ಇಲ್ಲ. ಸೌದೆಯ ಪಕ್ಕ ತುಕ್ಕು ಹಿಡಿದ ಹಳೆಯ ತಟ್ಟೆಯೊಂದು ಗೋಡೆಗೆ ಒರಗಿತ್ತು. ಮಹಾಲಿಂಗಮ್ಮ ಒಂದು ಸೌದೆ ಚೂರು ಎತ್ತಿಕೊಂಡು ಅದರ ಅಂಚಿಗೆ ತಾನೇ ಎರಡು ಪೆಟ್ಟು ಕೊಟ್ಟಳು.

ಒಳಗೆ ನಗು ನಿಂತಿತು. ಡಬ್ಬಗಳು ಸರಿದವು, ಪೊರಕೆಯ ಸದ್ದು ಎದ್ದಿತು. ಅವರು ಮುಚ್ಚಿಡಬೇಕಾದದ್ದನ್ನೆಲ್ಲ ಮುಚ್ಚಿಡುವ ತನಕ ಅವಳು ಹೊರಗೇ ಕಾದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.