ಇವತ್ತು ಗಂಟೆ ಹೊಡೆದವರು ಯಾರು?

ಆ ಶಾಲೆಯಲ್ಲಿ ಸಂಜೆಯ ಗಂಟೆಯನ್ನು ಜವಾನ ಹೊಡೆಯುವಂತಿರಲಿಲ್ಲ. ಬೆಳಗಿನ ಗಂಟೆ, ಊಟದ ಗಂಟೆ, ಪಿರಿಯಡ್ಡುಗಳ ನಡುವಿನ ಗಂಟೆ ಎಲ್ಲವೂ ಅವನವೇ. ಮನೆಗೆ ಬಿಡುವ ಗಂಟೆ ಮಾತ್ರ ಅಂದು ತಪ್ಪು ಮಾಡಿ, ತಾನಾಗಿಯೇ ಬಂದು ಒಪ್ಪಿಕೊಂಡ ಮಗುವಿನದು. ಮೆಟ್ಟಿಲ ಬುಡದಲ್ಲಿ ತೂಗುವ ಕಂಚಿನ ಗಂಟೆಯ ಹಗ್ಗವನ್ನು ಆ ಮಗುವಿನ ಕೈಗೆ ಕೊಟ್ಟು, ಇಡೀ ಶಾಲೆ ಅದರ ಮುಂದೆ ಚೀಲ ಹೊತ್ತು ಕಾಯುವಂತೆ ಮಾಡಿದವರು ಆಗ ಶಾಲೆ ನಡೆಸುತ್ತಿದ್ದ ಕ್ರೈಸ್ತ ಸನ್ಯಾಸಿನಿ, ದೊಡ್ಡ ಸಿಸ್ಟರ್. ಶಿಕ್ಷೆಯನ್ನು ಬೆನ್ನಿಗೆ ಹೊತ್ತುಕೊಂಡು ಯಾವ ಮಗುವೂ ಗೇಟು ದಾಟಬಾರದು ಎಂಬುದು ಅವರ ಹಟವಾಗಿತ್ತು.

ದೊಡ್ಡ ಸಿಸ್ಟರಿಗೆ ವಯಸ್ಸಾಗಿ, ಕಣ್ಣು ಮಂಜಾಗಿ, ಪ್ರಾರ್ಥನಾಮಂದಿರದ ಹಿಂದಿನ ಕೋಣೆ ಸೇರಿದ ಮೇಲೆ ಈ ಪದ್ಧತಿಯನ್ನು ಬಿಡದೆ ಉಳಿಸಿಕೊಂಡು ಬಂದವಳು ಏಳನೇ ಕ್ಲಾಸಿನ ಟೀಚರ್ ಒಬ್ಬಳೇ. ಮಕ್ಕಳು ಅವಳಿಗೆ 'ಗಂಟೆ ಟೀಚರ್' ಎಂದೇ ಹೆಸರಿಟ್ಟಿದ್ದರು. ಆಕೆಯೂ ಅದೇ ಶಾಲೆಯಲ್ಲಿ ಓದಿದವಳು, ಬಸ್ ಡ್ರೈವರನ ಮಗಳು. ಸಿಸ್ಟರುಗಳ ಧರ್ಮಕ್ಕೆ ಸೇರಿದವಳಲ್ಲ. ಚಿಕ್ಕವಳಿದ್ದಾಗ ಒಮ್ಮೆ ಹಾರ್ಮೋನಿಯಂ ಮುಟ್ಟಿ ನೋಡುವ ಆಸೆಗೆ ಕದ್ದು ಪ್ರಾರ್ಥನಾಮಂದಿರಕ್ಕೆ ನುಗ್ಗಿ, ಕತ್ತಲಲ್ಲಿ ದೀಪದ ಗಾಜನ್ನು ಚೂರು ಮಾಡಿದ್ದಳು. ಮನೆಯಲ್ಲಾಗಿದ್ದರೆ ಪ್ರಶ್ನೆಗಿಂತ ಮೊದಲು ಅಪ್ಪನ ಬೆಲ್ಟು ಬರುತ್ತಿತ್ತು. ಅಳುತ್ತಾ ಹೋಗಿ ಒಪ್ಪಿಕೊಂಡಾಗ ದೊಡ್ಡ ಸಿಸ್ಟರ್ ಹಾಗೆ ಮಾಡಲಿಲ್ಲ. ಅವಳ ಬಿಕ್ಕು ನಿಲ್ಲುವ ತನಕ ಕಾದು, ಪೂರ್ತಿ ಕೇಳಿಸಿಕೊಂಡು, ಗಾಜನ್ನು ಅವಳಿಂದಲೇ ಗುಡಿಸಿಸಿ, ಬೆರಳಿಗೆ ಚುಚ್ಚಿದೆಯೇ ಎಂದು ಒಂದೊಂದನ್ನೂ ತಿರುಗಿಸಿ ನೋಡಿ, ಸಂಜೆ ಹಗ್ಗ ಕೊಟ್ಟರು. ತಾನು ಟೀಚರಾಗಬೇಕೆಂದು ಆಕೆ ತೀರ್ಮಾನಿಸಿದ್ದು ಆ ಹಗ್ಗವನ್ನು ಹಿಡಿದುಕೊಂಡೇ. ಅಲ್ಲಿ ಕಲಿತ ಪ್ರಾರ್ಥನೆಗಳು ಎಂದೋ ಮರೆತುಹೋಗಿದ್ದವು. ಹಗ್ಗದ ಒರಟು ಮಾತ್ರ ಅಂಗೈಯಲ್ಲಿ ಉಳಿದಿತ್ತು.

ಪ್ರತಿ ಸಂಜೆ ಶಾಲೆ ಬಿಟ್ಟ ಮೇಲೆ ಆಕೆ ಆ ಹಿಂದಿನ ಕೋಣೆಗೆ ಹೋಗುತ್ತಿದ್ದಳು. ಮಂಚದ ಮೇಲಿಂದ ಬರುವ ಪ್ರಶ್ನೆ ಒಂದೇ.

"ಇವತ್ತು ಗಂಟೆ ಹೊಡೆದವರು ಯಾರು?"

"ಐದನೇ ಕ್ಲಾಸಿನ ಡುಮ್ಮಣ್ಣ, ಸಿಸ್ಟರ್. ಡ್ರಾಯಿಂಗ್ ಮೇಷ್ಟ್ರ ಊಟದ ಡಬ್ಬಿ ಖಾಲಿ ಮಾಡಿ, ಒಳಗೆ ಒಂದು ಚೀಟಿ ಇಟ್ಟಿದ್ದ."

"ಏನಂತ?"

"'ಉಪ್ಪು ಕಡಿಮೆ' ಅಂತ."

ಸಿಸ್ಟರ್ ಕೆಮ್ಮು ಬರುವಷ್ಟು ನಗುತ್ತಿದ್ದರು. ಆಮೇಲೆ ದಿಂಬಿನ ಕೆಳಗೆ ತಡಕಿ ಒಂದು ಪೆಪ್ಪರಮೆಂಟು ತೆಗೆದು, "ಅವನಿಗೆ ಕೊಡು. ಇದರಲ್ಲಿ ಉಪ್ಪೇ ಇಲ್ಲ ಅಂತ ಹೇಳು" ಎನ್ನುತ್ತಿದ್ದರು.

ಗಂಟೆ ಹೊಡೆಯುವ ಆಸೆಗೆ ಮಾಡದ ತಪ್ಪನ್ನು ಒಪ್ಪಿಕೊಳ್ಳುವವರೂ ಇದ್ದರು. ಏಳನೇ ಕ್ಲಾಸಿನ 'ಅಳಿಲು' ಅವರಲ್ಲಿ ಮೊದಲನೆಯವಳು. ಒಂದು ಕಡೆ ಕೂರದ, ಬಾಯಿಗೆ ಬಿಡುವು ಕೊಡದ ಪುಟ್ಟ ಹುಡುಗಿ. ಅವಳ ತಾಯಿ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಒಮ್ಮೆ ಅಳಿಲು ಬಂದು, ಕಿಟಕಿಯ ಗಾಜು ಒಡೆದದ್ದು ತಾನೇ ಎಂದಳು. ಯಾವ ಕಿಟಕಿ ಎಂದು ಟೀಚರ್ ಕೇಳಿದಾಗ, "ನೀವು ಯಾವುದು ಹೇಳ್ತೀರೋ ಅದು" ಎಂದು ಸಿಕ್ಕಿಬಿದ್ದಳು.

"ಸುಳ್ಳು ತಪ್ಪಿಗೆ ಗಂಟೆ ಇಲ್ಲ, ಹೋಗು."

"ಹಾಗಾದ್ರೆ ನಿಜವಾಗ್ಲೂ ಒಂದು ಮಾಡ್ಕೊಂಡು ಬರ್ಲಾ, ಟೀಚರ್?"

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಏಳನೇ ಕ್ಲಾಸಿನ ಮಕ್ಕಳೆಲ್ಲರೂ ಗಣಿತದ ಕಡೆಯ, ಅತಿ ಕಷ್ಟದ ಲೆಕ್ಕವನ್ನು ಸರಿಯಾಗಿ ಬಿಡಿಸಿಬಿಟ್ಟರು. ಗಣಿತದ ಮೇಷ್ಟ್ರು ಮೊದಲ ದಿನ ಅದನ್ನು ತಮ್ಮ ಪಾಠದ ಮಹಿಮೆಯೆಂದು ತಿಳಿದು ಬೀಗಿದರು. ಮರುದಿನ ಅನುಮಾನ ಬಂತು. ಪ್ರಶ್ನೆಪತ್ರಿಕೆ ಹೊರಗೆ ಹೋಗಿದೆ ಎಂದು ಶಾಲೆಯೆಲ್ಲ ಗುಲ್ಲಾಯಿತು. ಎಷ್ಟು ಗದರಿಸಿದರೂ ಒಂದು ಮಗುವೂ ಬಾಯಿ ಬಿಡಲಿಲ್ಲ. ಆಗ ಗಂಟೆ ಟೀಚರ್ ತನ್ನ ಕ್ಲಾಸಿನ ಬಾಗಿಲು ಮುಚ್ಚಿ, ಮೇಜಿನ ಮುಂದೆ ನಿಂತು ಹೇಳಿದಳು: "ನಾನು ಗದರೋದಿಲ್ಲ. ನಿಜ ಹೇಳಿದವರ ಕೈ ನಾನು ಬಿಡೋದಿಲ್ಲ. ಅಷ್ಟು ಮಾತ್ರ ನನಗೆ ಗೊತ್ತು."

ಕೈ ಎತ್ತಿದವಳು ಅಳಿಲು. ಚಾಕ್‌ಪೀಸು ತರಲು ಸ್ಟಾಫ್‌ರೂಮಿಗೆ ಹೋಗಿದ್ದಾಗ ಜೆರಾಕ್ಸ್ ಯಂತ್ರದ ಮೇಲೆ ಪ್ರಶ್ನೆಪತ್ರಿಕೆ ಬಿದ್ದಿತ್ತು. ಕಡೆಯ ಲೆಕ್ಕ ಕಣ್ಣಿಗೆ ಬಿತ್ತು. ಅವಳ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲವಾದ್ದರಿಂದ ಊಟದ ಹೊತ್ತಿಗೆ ಅದು ಇಡೀ ಕ್ಲಾಸಿನದಾಯಿತು.

"ಇದನ್ನೇ ಪ್ರಿನ್ಸಿಪಾಲರ ಹತ್ತಿರ ಹೇಳ್ತೀಯಾ? ನಾನೂ ಜೊತೆಗೆ ಬರ್ತೀನಿ."

ಹುಡುಗಿ ಬಾಗಿಲಿನ ಕಡೆ ನೋಡಿದಳು. ಆಮೇಲೆ ಮುಖ ಅರಳಿತು. "ಇದು ನಿಜವಾದ ತಪ್ಪಲ್ವಾ, ಟೀಚರ್? ಹಾಗಾದ್ರೆ ಇವತ್ತು ಗಂಟೆ ನನ್ನದೇ!"

ಪ್ರಿನ್ಸಿಪಾಲ್ ಸಿಸ್ಟರ್ ಮತ್ತು ಗಂಟೆ ಟೀಚರ್ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಒಬ್ಬಳು ಸನ್ಯಾಸ ತೆಗೆದುಕೊಂಡಳು, ಇನ್ನೊಬ್ಬಳು ಡಸ್ಟರು ಚಾಕ್‌ಪೀಸುಗಳ ಸಂಸಾರಕ್ಕೆ ಇಳಿದಳು. ಈ ಸಲುಗೆಯ ಮೇಲೆ ಟೀಚರಿಗೆ ಪೂರ್ಣ ಭರವಸೆಯಿತ್ತು. ಅಳಿಲು ಒಂದಕ್ಷರ ಬಿಡದೆ ಹೇಳಿದಳು. ಬಳಿಕ ಗಣಿತದ ಮೇಷ್ಟ್ರಿಗೆ ಕರೆ ಹೋಯಿತು.

"ಯಂತ್ರದ ಮೇಲೆ ಇಡೋಕೆ ನನಗೇನು ತಲೆ ಕೆಟ್ಟಿದೆಯಾ, ಸಿಸ್ಟರ್?" ಎಂದರು ಮೇಷ್ಟ್ರು. "ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಈ ಹುಡುಗಿ ಬೀರು ತೆಗೆದಿದ್ದಾಳೆ."

ಆ ಒಂದು ಮಾತಿನಿಂದ, ಕಣ್ಣಿಗೆ ಬಿದ್ದದ್ದನ್ನು ಓದಿದ ಮಗು ಕಳ್ಳಿಯಾಯಿತು. ಮಗುವನ್ನು ಹೊರಗೆ ಕಳಿಸಿ, ಮೇಷ್ಟ್ರೂ ಹೋದ ಮೇಲೆ, ಗೆಳತಿಯರಿಬ್ಬರೇ ಉಳಿದರು.

"ಬೀಗದ ಕೈ ಅವರ ಜೇಬಿನಲ್ಲೇ ಇತ್ತಂತಲ್ಲ. ಅವಳು ಹೇಗೆ ತೆಗೆದಳು, ಹೇಳು ನೋಡೋಣ?" ಎಂದಳು ಟೀಚರ್.

ಪ್ರಿನ್ಸಿಪಾಲ್ ಮೇಜಿನ ಮೇಲಿನ ಪೆನ್ನುಗಳನ್ನು ಸರಿಮಾಡುತ್ತಾ ಕೂತಳು. "ನನಗೇನು ಅರ್ಥ ಆಗಲ್ಲ ಅಂದ್ಕೊಂಡಿದ್ದೀಯಾ? ಅವರು ಮುನಿಸಿಕೊಂಡು ಹೋದರೆ ಹತ್ತನೇ ಕ್ಲಾಸಿಗೆ ಗಣಿತ ಯಾರು ಮಾಡ್ತಾರೆ? ನೀನಾ? ಪೋಷಕರು ಬಾಗಿಲಲ್ಲಿ ನಿಂತಿದ್ದಾರೆ ಕಣೇ. ಯಾರನ್ನಾದರೂ ತೋರಿಸಲೇಬೇಕು."

"ನಿಮ್ಮಪ್ಪನ ಸಹಿ ನೀನೇ ಹಾಕಿ ಮಾರ್ಕ್ಸ್ ಕಾರ್ಡ್ ತಂದಿದ್ದೆಯಲ್ಲ. ಸಂಜೆ ಏನಾಯ್ತು? ಗಂಟೆ ಹೊಡೆದು ಹಾಡ್ಕೊಂಡು ಮನೆಗೆ ಹೋದೆ. ದೊಡ್ಡ ಸಿಸ್ಟರ್ ನಿನ್ನನ್ನ ಯಾರಿಗಾದರೂ ತೋರಿಸಿದ್ರಾ?"

ಪೆನ್ನುಗಳ ಮೇಲೆ ಓಡುತ್ತಿದ್ದ ಬೆರಳು ನಿಂತಿತು. ಆ ನಿಮಿಷದಲ್ಲಿ ಎಲ್ಲವೂ ಸರಿಹೋಗಬಹುದಿತ್ತು.

"ನಿಮ್ಮ ಕ್ಲಾಸಿಗೆ ಹೊತ್ತಾಯ್ತು, ಟೀಚರ್. ನೀವಿನ್ನು ಹೊರಡಿ."

ಇಷ್ಟು ವರ್ಷಗಳಲ್ಲಿ ಇಬ್ಬರೇ ಇದ್ದಾಗ ಗೆಳತಿ ಬಹುವಚನ ಬಳಸಿದ್ದು ಅದೇ ಮೊದಲು. ಆ ಕೋಣೆಯ ಬಾಗಿಲ ಮೇಲೆ ಸತ್ಯದ ಹಿರಿಮೆ ಸಾರುವ ಬೈಬಲಿನ ವಾಕ್ಯವನ್ನು ದಪ್ಪ ಅಕ್ಷರಗಳಲ್ಲಿ ಕೆತ್ತಿಸಲಾಗಿತ್ತು. ಅದರ ಕೆಳಗೇ ಹಾದು, ಸುಳ್ಳು ಹೇಳಿದ ದೊಡ್ಡವರು ತಮ್ಮ ಪಾಠಕ್ಕೆ ಹೋದರು; ನಿಜ ಹೇಳಿದ ಮಗುವಿನ ಟಿ.ಸಿ. ತಯಾರಾಯಿತು. ಓದಿದವರು, ಜಪಮಾಲೆ ಹಿಡಿದವರು, ಮಕ್ಕಳಿಗೆ ಮಾದರಿಯೆಂದು ಸಂಬಳ ಪಡೆಯುವವರು ಕೂಡಿ ಇಂಥ ಕೆಲಸ ಮಾಡಿದಾಗ ಅದನ್ನು ಅಸಹಾಯಕತೆ ಎಂದು ಕರೆಯುವುದುಂಟು. ಅದು ಹೇಡಿತನ, ಬೇರೆ ಹೆಸರು ಅದಕ್ಕೆ ಸಲ್ಲದು.

ಊಟದ ಗಂಟೆಗೆ ಮೊದಲೇ ಅಳಿಲಿನ ತಾಯಿ ಬಂದಳು. ನೀರಿನಲ್ಲಿ ನೆನೆದು ನೆನೆದು ಸುಕ್ಕುಗಟ್ಟಿದ ಬೆರಳುಗಳಲ್ಲಿ ಟಿ.ಸಿ. ಕಾಗದವನ್ನು ಒದ್ದೆಯಾಗದಂತೆ ತುದಿಯಲ್ಲಿ ಹಿಡಿದಿದ್ದಳು. ಟೀಚರ್ ಗೇಟಿನವರೆಗೂ ಓಡಿದಳು.

"ನಿಜ ಹೇಳಿದ್ರೆ ಕೈ ಬಿಡಲ್ಲ ಅಂದ್ರಂತೆ, ಟೀಚರ್."

"ಅಂದಿದ್ದೆ, ಅಮ್ಮ."

ತಾಯಿಯ ದನಿಯಲ್ಲಿ ಜಗಳವಿರಲಿಲ್ಲ. ತಿಳಿದವರನ್ನು ತಿಳಿಯದವರು ಕೇಳುವಂತೆ ಕೇಳಿದಳು: "ಇವಳು ಬಾಯಿ ಮುಚ್ಕೊಂಡು ಇದ್ದಿದ್ರೆ ಉಳೀತಿದ್ಲಾ?"

ಉತ್ತರ ಒಂದೇ ಪದದ್ದು, ಟೀಚರ್ ಅದನ್ನು ಬಲ್ಲಳು. ಆ ಪದವನ್ನು ಆಡಿದರೆ ತಾನು ಜೀವಮಾನವಿಡೀ ಬೋರ್ಡಿನ ಮುಂದೆ ನಿಂತು ಹೇಳಿದ್ದೆಲ್ಲ ಅಳಿಸಿಹೋಗುತ್ತಿತ್ತು. ತಾಯಿ ಮರ್ಯಾದೆಗೆಂದು ಒಂದು ಗಳಿಗೆ ಕಾದು, ಮಗಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

ಅಳಿಲು ತಿರುಗಿ ಮೆಟ್ಟಿಲಿನ ಕಡೆ ನೋಡಿದಳು. "ಸಂಜೆ ನನ್ನ ಸರದಿ ಅಲ್ವಾ, ಟೀಚರ್?"

"ಬಾರೇ, ಸಾಕು ನಿನ್ನ ಗಂಟೆ," ಎಂದಳು ತಾಯಿ.

ಟೀಚರ್ ಕೈ ಚಾಚಿದ್ದಳು. ಹಿಡಿದುಕೊಳ್ಳಲು ಅಲ್ಲಿ ಗೇಟಿನ ಸರಳು ಮಾತ್ರ ಇತ್ತು.

ಸಂಜೆ ಮಕ್ಕಳು ಸಾಲಾಗಿ ನಿಂತರು. ಜವಾನ ಆಚೀಚೆ ನೋಡಿದ. "ಇವತ್ತು ಯಾರೂ ಇಲ್ವಾ, ಟೀಚರ್? ನಾನೇ ಹೊಡೀಲಾ?"

"ಬೇಡ."

ಆಕೆ ತಾನೇ ಹೋಗಿ ಹಗ್ಗ ಹಿಡಿದಳು. ಸಾಲಿನಲ್ಲಿ ಗುಸುಗುಸು ಎದ್ದಿತು.

"ಟೀಚರ್ ಏನು ತಪ್ಪು ಮಾಡಿದ್ರೋ?"

"ಶ್! ಸುಮ್ನಿರೋ."

ಗಂಟೆ ಬಡಿಯಿತು. ಮಕ್ಕಳು ಎಂದಿನಂತೆ ಚೆಲ್ಲಾಪಿಲ್ಲಿಯಾಗಿ ಓಡಲಿಲ್ಲ. ಅವಳ ಮುಖ ನೋಡುತ್ತಾ ಒಬ್ಬೊಬ್ಬರಾಗಿ ಹೊರಗೆ ಹೋದರು.

ಆ ದಿನ ಹಿಂದಿನ ಕೋಣೆಗೆ ಹೋಗದೆ ತಪ್ಪಿಸಿಕೊಳ್ಳೋಣವೆಂದು ಆಕೆಗೆ ಅನಿಸಿತು. ಆದರೆ ಮಂಚದ ಮೇಲೆ ಒಂದು ಮುದಿ ಜೀವ ಕಿವಿ ನೆಟ್ಟು ಕಾಯುತ್ತಿರುತ್ತದೆ. ಹೋದಳು.

"ಇವತ್ತು ಗಂಟೆ ಹೊಡೆದವರು ಯಾರು?"

ಹೇಳಿಬಿಡಬೇಕೆಂದೇ ಬಾಯಿ ತೆರೆದಳು. ಕಿಟಕಿಯ ಬೆಳಕಿಗೆ ತಿರುಗಿದ್ದ ಆ ಮುಖದಲ್ಲಿ ನಗುವುದಕ್ಕೆ ಸಿದ್ಧತೆ ಆಗಲೇ ನಡೆದಿತ್ತು. ಒಂದು ಆಯುಷ್ಯವನ್ನೇ ಈ ಶಾಲೆಗೆ ಸುರಿದ ಮುಖ ಅದು.

"ಅಳಿಲು, ಸಿಸ್ಟರ್."

"ಕೊನೆಗೂ! ಏನು ಮಾಡಿದ್ದಳು ಕಳ್ಳಿ?"

ಪ್ರೀತಿಯಿಂದ ಬಂದ ಆ ಪದ ಟೀಚರ ಎದೆಗೆ ನಾಟಿತು. "ನೋಡಬಾರದ್ದನ್ನ ನೋಡಿಬಿಟ್ಟಿದ್ದಳು. ತಾನಾಗೇ ಕೈ ಎತ್ತಿ ಹೇಳಿದಳು."

"ಹೇಳಿದಳಲ್ಲ, ಸಾಕು." ಸಿಸ್ಟರ್ ತಲೆದೂಗಿದರು. "ಆದ್ರೂ ಹಗ್ಗ ಎಳೆದದ್ದು ಮೆಲ್ಲಗೆ. ಮೊದಲ ಸಲ ಸಿಕ್ಕಿದ ಮಕ್ಕಳು ಗಂಟೆ ಕಿತ್ತು ಬರೋ ಹಾಗೆ ಎಳೀತಾರೆ. ನೀನಂತೂ ನೇತಾಡಿಬಿಟ್ಟಿದ್ದೆ."

"ಹೆದರಿದ್ದಳು, ಸಿಸ್ಟರ್."

"ಯಾಕೆ ಹೆದರಬೇಕು? ನೀನಿದ್ದೀಯಲ್ಲ."

ದಿಂಬಿನ ಕೆಳಗೆ ತಡಕಿ ಪೆಪ್ಪರಮೆಂಟು ತೆಗೆದರು. ಟೀಚರ್ ಅಭ್ಯಾಸದಂತೆ ಕೈಯೊಡ್ಡಿದಳು. ಸಿಸ್ಟರ್ ಕೊಡಲಿಲ್ಲ, ಪಕ್ಕದ ಕಿಟಕಿಯ ದಂಡೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಬೀಳದಂತೆ ಅಲ್ಲಿಟ್ಟರು.

"ಅಷ್ಟು ದಿನದಿಂದ ಕಾದವಳು. ನಾಳೆ ಅವಳನ್ನೇ ಕರ್ಕೊಂಡು ಬಾ, ನನ್ನ ಕೈಯಾರೆ ಕೊಡ್ತೀನಿ. ಬರ್ತಾಳೆ ತಾನೇ?"

"ಬರ್ತಾಳೆ, ಸಿಸ್ಟರ್," ಎಂದಳು ಗಂಟೆ ಟೀಚರ್.